ನೂರೆಪ್ಪತ್ತು ಕುದುರೆಗಳ ಪೂಜೆ

ನನ್ನ ಹೆಂಡತಿ ಶಿವರಂಜನಿಯ ಮೇಲೆ ನನ್ನದು ಒಂದೇ ಒಂದು ದೂರು. (ಉಳಿದವನ್ನು ಹೇಳುವ ಧೈರ್ಯವಿಲ್ಲದ್ದರಿಂದ ಒಂದೇ.) ಅವಳು ಯಾವ ಮಾತನ್ನೂ ಒಂದು ಸಲ ಹೇಳಿ ಸುಮ್ಮನಾಗುವವಳಲ್ಲ. ಬಟ್ಟೆ ಒಣಹಾಕಲು ಮಹಡಿಗೆ ಹೋದವಳು ಅಲ್ಲಿಂದಲೇ "ರೀ, ಗ್ಯಾಸ್ ಆಫ್ ಮಾಡಿ" ಎನ್ನುತ್ತಾಳೆ. ನಾನು ಆಫ್ ಮಾಡುತ್ತಿರುವಾಗ ಇನ್ನೊಮ್ಮೆ ಎನ್ನುತ್ತಾಳೆ. ಕೆಳಗಿಳಿದು ಬಂದ ಮೇಲೆ "ಮಾಡಿದ್ರಾ?" ಎಂದು ಕೇಳಿ, ತಾನೇ ಹೋಗಿ ಮುಟ್ಟಿ ನೋಡುತ್ತಾಳೆ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ನಮ್ಮ ಗ್ಯಾಸ್ ಆಫ್ ಆಗಿದೆಯೋ ಇಲ್ಲವೋ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಒಂದು ದಿನ ನನಗೂ ರೇಗಿತು.

"ನೋಡೇ, ನಾನೇನು ಕಿವುಡ ಅಲ್ಲ. ಇನ್ಮೇಲೆ ಏನೇ ಇದ್ರೂ ಒಂದೇ ಸಲ ಹೇಳು. ಎರಡನೇ ಸಲ ಹೇಳಿದ್ರೆ ನಾನು ಊಟ ಬಿಡ್ತೀನಿ!"

"ಆಯ್ತು ರೀ, ಒಂದೇ ಸಲ," ಎಂದಳು ಶಿವರಂಜನಿ. ಅವಳು ಅಷ್ಟು ಸಲೀಸಾಗಿ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಆಗ ನನ್ನ ತಲೆಯೊಳಗೆ ಕಾರೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ವಿಮಾ ಕಚೇರಿಯಲ್ಲಿ ಮೇಜಿನ ಹಿಂದೆ ಕೂತು ಹೊಟ್ಟೆ ಬೆಳೆಸಿದ ಕರಿಬಸಪ್ಪನಾದ ನಾನು, ಐವತ್ತು ಹತ್ತಿರ ಬರುತ್ತಿರುವಾಗ, ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು ತಂದಿದ್ದೆ. ಅದರ ಅಂದ ಏನೆಂದು ವರ್ಣಿಸಲಿ! ಹಿಂದಿನ ಸೀಟೊಂದು ಮಾತ್ರ ಹೆಸರಿಗಷ್ಟೇ ಇತ್ತು. ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ ಗಿರಿಜಾದೇವಿಯವರಿಗೆ ಮಂಡಿನೋವು. ಅವರನ್ನು ಆ ಸೀಟಿಗೆ ಕೂರಿಸುವುದೆಂದರೆ ಉಪ್ಪಿನಕಾಯಿ ಜಾಡಿಗೆ ಇಡೀ ಹಲಸಿನಕಾಯಿ ಇಳಿಸಿದ ಹಾಗೆ. ಹೊರಗೆ ತೆಗೆಯುವುದು ಇನ್ನೂ ಕಷ್ಟ. ಒಮ್ಮೆ ದೇವಸ್ಥಾನದ ಮುಂದೆ ಇಳಿಯಲಾಗದೆ, ಅವರು ಕಾರಿನೊಳಗಿಂದಲೇ ಮಂಗಳಾರತಿ ತೆಗೆದುಕೊಂಡರು.

ಹೀಗಿರುವಾಗ ಒಂದು ಭಾನುವಾರ ಮಾಗಡಿ ರಸ್ತೆಯ ಏರಿನಲ್ಲಿ ನನ್ನ ಮಾನ ಹೋಯಿತು. ನನ್ನ ಷಡ್ಡಕ, ಅಂದರೆ ಶಿವರಂಜನಿಯ ತಂಗಿಯ ಗಂಡ, ವಿಜಯನಗರದ ಚನ್ನವೀರೇಶ್ ತಮ್ಮ ಏಳು ಸೀಟಿನ ಡೀಸೆಲ್ ಗಾಡಿಯಲ್ಲಿ ನನ್ನನ್ನು ಹಿಂದೆ ಹಾಕಿ ಹೋದರು. ಅದರ ಕಿಟಕಿಯಿಂದ ಯಾರೋ ನನಗೆ ಟಾಟಾ ಮಾಡಿದರು. ನೋಡಿದರೆ ನಮ್ಮ ಅತ್ತೆ!

ಮರುದಿನವೇ ಹೇರೋಹಳ್ಳಿಯ ಜೀವನ್ ಎಂಬ ಹುಡುಗನನ್ನು ಹುಡುಕಿಕೊಂಡು ಹೋದೆ. ಕಾರಿನ ಇಂಜಿನ್ ಟ್ಯೂನ್ ಮಾಡಿ ಬಲ ಹೆಚ್ಚಿಸುವುದರಲ್ಲಿ ಅವನು ಗಟ್ಟಿಗ ಎಂದು ಕೇಳಿದ್ದೆ. ಅವನ ಶೆಡ್ಡು ಮುಟ್ಟುವಷ್ಟರಲ್ಲಿ ನನ್ನ ಕಾರಿನ ಹೊಟ್ಟೆ ಆ ರಸ್ತೆಗೆ ಹಲವು ಸಲ ಸಾಷ್ಟಾಂಗ ಹಾಕಿತ್ತು.

"ಸಾರ್, ಇಂಜಿನ್‌ಗೊಂದು ಕಂಪ್ಯೂಟರ್ ಇರುತ್ತೆ. ಕಂಪ್ನಿಯವ್ರು ಅದ್ರ ಕೈ ಕಟ್ಟಿ ಇಟ್ಟಿರ್ತಾರೆ. ನಾನು ಬಿಚ್ತೀನಿ ಅಷ್ಟೇ," ಎಂದ ಜೀವನ್. "ಜೊತೆಗೆ ಗಾಳಿ ಎಳ್ಕೊಳ್ಳೋಕೆ ಮುಂದ್ಗಡೆ ಒಂದು ದೊಡ್ಡ ಪೈಪ್ ಹಾಕ್ತೀನಿ. ಇಂಜಿನ್ ಚೆನ್ನಾಗಿ ಉಸಿರಾಡಿದ್ರೆ ತಾನೇ ಸಾರ್ ಓಡೋದು?"

ಕೈ ಕಟ್ಟಿಸಿಕೊಂಡವರ ನೋವು ನನಗೆ ಹೊಸದೇನಲ್ಲ. ತಕ್ಷಣ ಒಪ್ಪಿದೆ.

ಆ ರಾತ್ರಿ ರೊಟ್ಟಿ, ಎಣ್ಣೆಗಾಯಿ ಮುಂದಿಟ್ಟುಕೊಂಡು ನಾನು ಘೋರ ಪ್ರತಿಜ್ಞೆಯೊಂದನ್ನು ಮಾಡಿದೆ. "ಈಗ ನನ್ನ ಗಾಡೀಲಿ ನೂರಿಪ್ಪತ್ತು ಕುದುರೆ ಶಕ್ತಿ ಇದೆ. ಟ್ಯೂನ್ ಆದ್ಮೇಲೆ ನೂರೆಪ್ಪತ್ತು ಬರುತ್ತೆ. ಅಳೆಯೋ ಮಿಷನ್ನು ಜೀವನ್ ಹತ್ರಾನೇ ಇದೆ. ಎಲ್ಲಾರೂ ಬಂದು ಕಣ್ಣಾರೆ ನೋಡಿ. ಅಷ್ಟು ಬರ್ಲಿಲ್ಲ ಅಂದ್ರೆ ಈ ಗಾಡಿ ಇಟ್ಕೊಳ್ಳಲ್ಲ!"

"ಕುದುರೆ ಎಷ್ಟಾದ್ರೂ ಇರ್ಲಿ ಅಳಿಯಂದ್ರೇ," ಎಂದರು ಅತ್ತೆ, "ಬಾಗಿಲು ನಾಲ್ಕಿದ್ರೆ ಸಾಕಿತ್ತು."

ಶಿವರಂಜನಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಪರೀಕ್ಷೆಯ ದಿನ ಬಂತು. ಅತ್ತೆ, ಶಿವರಂಜನಿ ಚನ್ನವೀರೇಶರ ಗಾಡಿಯಲ್ಲಿ ಕಾಲು ಚಾಚಿಕೊಂಡು ಬಂದರು. ಜೀವನನ ಶೆಡ್ಡಿನಲ್ಲಿ ನೆಲದೊಳಗೆ ಹುಗಿದ ಉರುಳೆಗಳಿದ್ದವು. ಕಾರಿನ ಚಕ್ರ ಅವುಗಳ ಮೇಲೆ ನಿಲ್ಲುತ್ತದೆ, ಇಂಜಿನ್ ಎಷ್ಟು ಆರ್ಭಟಿಸಿದರೂ ಗಾಡಿ ನಿಂತಲ್ಲೇ ಓಡುತ್ತದೆ, ಎಷ್ಟು ಬಲವಿದೆ ಎಂದು ಪರದೆಯ ಮೇಲೆ ಅಂಕಿ ಬರುತ್ತದೆ. (ನಮ್ಮ ಆಫೀಸಿನಲ್ಲೂ ನಾವೆಲ್ಲ ಓಡುವುದು ಹೀಗೆಯೇ. ಅಂಕಿ ಮಾತ್ರ ಬರುವುದಿಲ್ಲ.)

ಪೂಜೆಯಿಲ್ಲದೆ ಇಷ್ಟು ದೊಡ್ಡ ಕೆಲಸ ಶುರುಮಾಡುವುದುಂಟೇ? ಅತ್ತೆ ತಟ್ಟೆಯಲ್ಲಿ ವಿಭೂತಿ, ತೆಂಗಿನಕಾಯಿ, ಎಲೆಅಡಿಕೆ ತಂದಿದ್ದರು. ನಾನು ಆಳುದ್ದದ ಚೆಂಡುಹೂವಿನ ಹಾರ ತಂದಿದ್ದೆ. ಆದರೆ ಆ ನುಣುಪಾದ ಮೂತಿಯಲ್ಲಿ ಹಾರ ಸಿಕ್ಕಿಸಲು ಒಂದು ಕೊಂಡಿಯಾದರೂ ಬೇಡವೇ? ಒಂದು ತುದಿ ಹೇಗೋ ನಿಂತಿತು, ಇನ್ನೊಂದು ತುದಿ ಜಾರಿ ಜಾರಿ ಬೀಳುತ್ತಿತ್ತು. ಕೊನೆಗೆ ಬಗ್ಗಿ ನೋಡಿದೆ. ಜಾಲರಿಯ ಪಕ್ಕದಲ್ಲಿ, ನನಗಾಗಿಯೇ ಮಾಡಿಟ್ಟಂತೆ, ದುಂಡನೆಯ ತೂತೊಂದಿತ್ತು. ಹಾರದ ತುದಿಯನ್ನು ಅದರೊಳಗೆ ಮೊಳದಷ್ಟು ತುರುಕಿದೆ. ಗಟ್ಟಿಯಾಗಿ ನಿಂತಿತು.

"ರೀ, ಆ ತೂತಿಗೆ ಹಾರ ತುರುಕಬೇಡಿ," ಎಂದಳು ಶಿವರಂಜನಿ.

"ಪೂಜೆ ವಿಷಯದಲ್ಲಿ ಬಾಯಿ ಹಾಕ್ಬೇಡ," ಎಂದೆ. ಅವಳು ಸುಮ್ಮನಾದಳು.

ಲ್ಯಾಪ್‌ಟಾಪ್ ಹಿಡಿದು ಒಳಗಿನಿಂದ ಬಂದ ಜೀವನ್ ಹಾರ ನೋಡಿ, "ಸಾರ್, ಇದು ಫ್ಯಾನ್ ಗಾಳಿಗೆ ಹಾರುತ್ತೆ, ತೆಗೀತೀನಿ," ಎಂದು, ತುದಿ ಎಲ್ಲಿ ಸಿಕ್ಕಿದೆ ಎಂದು ಬಗ್ಗಿ ನೋಡದೆ, ಹೊರಗೆ ಕಾಣುತ್ತಿದ್ದಷ್ಟನ್ನು ಕತ್ತರಿಸಿ ಪಕ್ಕಕ್ಕಿಟ್ಟ. ಪೂಜೆ ಮುಗಿದಿತ್ತಲ್ಲ, ನಾನೂ ಬೇಡವೆನ್ನಲಿಲ್ಲ.

ಇಂಜಿನ್ ಶುರುವಾಯಿತು. ಎದುರಿನ ದೊಡ್ಡ ಫ್ಯಾನಿನ ಗಾಳಿಗೆ ಅತ್ತೆಯ ಹಣೆಯ ವಿಭೂತಿಯೆಲ್ಲ ಹಾರಿ ಚನ್ನವೀರೇಶರ ಮೀಸೆಗೆ ಬಂತು. ಸದ್ದು ಏರಿತು, ಏರಿತು, ನನ್ನ ಎದೆಯೂ ಅದರ ಜೊತೆಗೆ ಏರಿತು. ಅಷ್ಟರಲ್ಲಿ ಗೊರಕೆ ಹೊಡೆಯುವವರಿಗೆ ನಡುವೆ ಉಸಿರು ಸಿಕ್ಕಿಕೊಳ್ಳುತ್ತದಲ್ಲ, ಹಾಗೊಂದು ಸದ್ದು ಬಂತು. ಪರದೆಯ ಮೇಲೆ ಅಂಕಿ ಮೂಡಿತು. ಎಂಬತ್ತನಾಲ್ಕು.

"ಅಣ್ಣಾ," ಎಂದರು ಚನ್ನವೀರೇಶ್ ಮೀಸೆ ಒರೆಸಿಕೊಳ್ಳುತ್ತಾ, "ಮೊದ್ಲು ನೂರಿಪ್ಪತ್ತಿತ್ತಲ್ವಾ? ಮಿಕ್ಕ ಕುದುರೆ ಮೇಯೋಕೆ ಹೋದ್ವಾ?"

ನನ್ನ ಮೈ ಉರಿದುಹೋಯಿತು. ಜೀವನನ ಮೇಲೆ ಹಾರಿಬಿದ್ದೆ. "ಏನಯ್ಯಾ ಇದು? ಬಲ ಜಾಸ್ತಿ ಮಾಡು ಅಂದ್ರೆ ಇದ್ದದ್ದನ್ನೂ ತೆಗ್ದಿದೀಯ!"

"ಸಾರ್, ಗಾಳಿ ಸಾಲ್ತಾ ಇಲ್ಲ ಅಂತ ತೋರಿಸ್ತಿದೆ. ಸ್ವಲ್ಪ ಟೈಮ್ ಕೊಡಿ, ಬಿಚ್ಚಿ ನೋಡ್ತೀನಿ..."

"ಬಿಚ್ಚೋದೂ ಬೇಡ, ಮುಚ್ಚೋದೂ ಬೇಡ! ನಾನು ಮಾತಿಗೆ ತಪ್ಪೋ ಮನುಷ್ಯ ಅಲ್ಲ. ಚನ್ನವೀರೇಶ್, ಈ ದರಿದ್ರ ಗಾಡಿ ನೀವೇ ತಗೊಳ್ಳಿ. ನಿಮ್ಮ ಡೀಸೆಲ್ ಡಬ್ಬ ನನಗೆ ಕೊಡಿ. ಮುಗೀತು!"

ಷಡ್ಡಕರು "ಅಯ್ಯೋ ಬೇಡ ಅಣ್ಣಾ" ಎನ್ನುತ್ತಾರೆಂದು ನಾನು ಕಾದೆ. ಅವರು ಎನ್ನಲಿಲ್ಲ. ಜೇಬಿನಿಂದ ಕೀ ತೆಗೆದರು. ಅದನ್ನು ತೆಗೆದ ವೇಗ ನೋಡಿದರೆ, ಅವರು ನನ್ನ ಕಾರಿನ ಮೇಲೆ ಎಂದಿನಿಂದ ಕಣ್ಣಿಟ್ಟಿದ್ದರೋ!

ಅಷ್ಟರಲ್ಲಿ ಅತ್ತೆ, ಮಂಡಿನೋವಿನ ಹೆಂಗಸಿಗೆ ಸಾಧ್ಯವೇ ಇಲ್ಲದ ವೇಗದಲ್ಲಿ ಎದ್ದು ಬಂದು, ಪೂಜೆಯ ತಟ್ಟೆಯಿಂದ ಎಲೆಅಡಿಕೆ ಎತ್ತಿ ನಮ್ಮಿಬ್ಬರ ಕೈಯಲ್ಲಿದ್ದ ಕೀಗಳ ಕೆಳಗೆ ಇಟ್ಟರು. "ಬರೀ ಬಾಯಿಮಾತಾಗಬಾರ್ದು ಅಳಿಯಂದ್ರೇ. ವೀಳ್ಯ ಬದಲಾಯಿಸ್ಕೊಳ್ಳಿ, ಇಬ್ರೂ ಕೈ ಚಾಚಿ."

ಕೈ ಚಾಚಿದೆವು. ನಮ್ಮ ಮನೆತನದಲ್ಲಿ ವೀಳ್ಯ ಕೈ ಬದಲಾಯಿತೆಂದರೆ ನಿಶ್ಚಯವಾದ ಮದುವೆಯ ಹಾಗೆ, ಹಿಂದೆ ಸರಿಯುವ ಮಾತಿಲ್ಲ. ಅತ್ತೆ ಎರಡೂ ಕಾರಿಗೆ ಕೈ ಮುಗಿದರು.

ಆಗ ಶಿವರಂಜನಿ ನಿಧಾನವಾಗಿ ಕಾರಿನ ಮುಂದೆ ಹೋಗಿ ಬಗ್ಗಿದಳು. ಆ ದುಂಡನೆಯ ತೂತಿಗೆ ಎರಡು ಬೆರಳು ಹಾಕಿ ಎಳೆದಳು. ಒಂದು ಮೊಳ ಚೆಂಡುಹೂವಿನ ಹಾರ, ಹಿಂಡಿ ಹಿಪ್ಪೆಯಾಗಿ, ಹೊರಗೆ ಬಂತು.

"ಅಕ್ಕಾ, ಇದು ಇಂಜಿನ್ ಗಾಳಿ ಎಳ್ಕೊಳ್ಳೋ ಪೈಪು!" ಎಂದು ಜೀವನ್ ಕಿರುಚಿದ. ಒಳಗೆ ಉಳಿದಿದ್ದ ಎಸಳುಗಳನ್ನೆಲ್ಲ ತೆಗೆದ. ಪುಣ್ಯಕ್ಕೆ ಎಲ್ಲವೂ ಫಿಲ್ಟರಿನಲ್ಲೇ ತಡೆದು ನಿಂತಿದ್ದವು. ಚನ್ನವೀರೇಶರಿಂದ ಕೀ ಇಸಿದುಕೊಂಡು ಮತ್ತೆ ಇಂಜಿನ್ ಶುರುಮಾಡಿದ. ಈ ಸಲ ಶೆಡ್ಡಿನ ತಗಡೆಲ್ಲ ಗಡಗಡ ನಡುಗಿತು.

ನೂರ ಎಪ್ಪತ್ತನಾಲ್ಕು!

"ನನ್ನ ಗಾಡಿ!" ಎಂದು ಕೂಗಿದೆ.

"ನನ್ನ ಗಾಡಿ," ಎಂದು ಚನ್ನವೀರೇಶ್ ಬಹಳ ವಿನಯದಿಂದ ತಿದ್ದಿದರು.

ಜೀವನನ ಮುಖ ನೋಡಲು ನಾಚಿಕೆಯಾಯಿತು. ತಪ್ಪಾಯ್ತಪ್ಪ ಎಂದೆ. ಆಮೇಲೆ ಹೆಂಡತಿಯನ್ನು ಬದಿಗೆ ಕರೆದೆ. "ಹಾರ ಒಳಗೇ ಇದೆ ಅಂತ ನಿಂಗೆ ಗೊತ್ತಿತ್ತಾ?"

"ತುರುಕಬೇಡಿ ಅಂತ ಹೇಳಿದ್ನಲ್ಲ."

"ಇನ್ನೊಂದ್ಸಲ ಯಾಕೇ ಹೇಳ್ಲಿಲ್ಲ?"

"ನೀವು ಊಟ ಬಿಡ್ತೀರಲ್ಲ," ಎಂದಳು.

ಡೀಸೆಲ್ ಗಾಡಿಯನ್ನು ನಾನೇ ಓಡಿಸಿಕೊಂಡು ಹೊರಟೆ. ಅತ್ತೆ ನಡುವಿನ ಸೀಟಿನಲ್ಲಿ ಕಾಲು ನೀಡಿ, ಯಾರ್ಯಾರನ್ನು ಕರೆದುಕೊಂಡು ಯಾವ್ಯಾವ ದೇವಸ್ಥಾನಕ್ಕೆ ಹೋಗಬಹುದೆಂದು ಲೆಕ್ಕ ಹಾಕುತ್ತಿದ್ದರು. ನನ್ನ ಕೆಂಪು ಸುಂದರಿ ಷಡ್ಡಕರನ್ನು ಕೂರಿಸಿಕೊಂಡು ನಮ್ಮ ಪಕ್ಕದಲ್ಲೇ ಗುಡುಗುತ್ತಾ ಮುಂದೆ ಹೋಯಿತು. ಅದು ಮರೆಯಾಗುವವರೆಗೂ ನೋಡುತ್ತಲೇ ಇದ್ದೆ.

"ರೀ, ಮುಂದೆ ಹಂಪ್ ಇದೆ," ಎಂದಳು ಶಿವರಂಜನಿ.

ಇನ್ನೊಂದು ಸಲ ಹೇಳುತ್ತಾಳಲ್ಲ, ಆಗ ಬ್ರೇಕ್ ಹಾಕಿದರಾಯಿತು ಎಂಬ ಹಳೆಯ ಅಭ್ಯಾಸದಲ್ಲಿ ಹಾಗೇ ಹೋದೆ. ಅವಳು ಹೇಳಲಿಲ್ಲ. ಗಾಡಿ ಎಗರಿತು, ನನ್ನ ತಲೆ ಚಾವಣಿಗೆ ಬಡಿಯಿತು, ಪೂಜೆಯ ತೆಂಗಿನಕಾಯಿಯ ಹೋಳು ಹಿಂದಿನಿಂದ ಬಂದು ನನ್ನ ಹೆಗಲಿಗೆ ಬಿತ್ತು.

"ಮಾರಾಯ್ತಿ, ಇನ್ಮೇಲೆ ಏನಿದ್ರೂ ಎರಡೆರಡು ಸಲ ಹೇಳೇ," ಎಂದು ತಲೆ ಉಜ್ಜಿಕೊಳ್ಳುತ್ತಾ ಬೇಡಿಕೊಂಡೆ.

ಶಿವರಂಜನಿ ಕಿವಿಗೆ ಕೈ ಹಚ್ಚಿದಳು.

"ಏನಂದ್ರಿ? ಡೀಸೆಲ್ ಸದ್ದು ನೋಡಿ, ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಹೇಳಿದೆ.