ಫೋರ್ಕ್‌ಲಿಫ್ಟ್ ಏರಿದ ಮನೆದೇವ್ರು

ಟ್ರ್ಯಾಕ್ಟರ್ ಓಡಿಸಲು ಬರುವ ಮನುಷ್ಯನಿಗೆ ಈ ಭೂಮಿಯ ಮೇಲೆ ಬೇರೆ ಯಾವ ವಾಹನವೂ ಕಷ್ಟವಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಾನು ಸಿ.ಎಸ್. ಪುರದವನು. ಮೀಸೆ ಮೂಡುವ ಮೊದಲೇ ಚಿಕ್ಕಪ್ಪನ ಟ್ರ್ಯಾಕ್ಟರ್ ಹತ್ತಿ ಹೊಲ ಉತ್ತವನು. ಹಾಗಾಗಿ ಹಿರೇಹಳ್ಳಿಯ ನಮ್ಮ ಪಶು ಆಹಾರದ ಫ್ಯಾಕ್ಟರಿಯಲ್ಲಿ ಮ್ಯಾನೇಜರು ಹೆಲ್ಪರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ರಫೀಕ್ ಸಾಬ್ರು ರಿಟೈರ್ ಆಗ್ತಿದಾರೆ. ಎರಡು ತಿಂಗಳೊಳಗೆ ಫೋರ್ಕ್‌ಲಿಫ್ಟ್ ಲೈಸೆನ್ಸ್ ಯಾರು ತರ್ತೀರೋ ಅವರೇ ಆಪರೇಟರ್. ಯಾರೂ ತರ್ಲಿಲ್ಲ ಅಂದ್ರೆ ಹೊರಗಿಂದ ಕರೀತೀವಿ" ಎಂದಾಗ ನಾನು ಯೋಚನೆಯನ್ನೇ ಮಾಡಲಿಲ್ಲ. ಕೈ ಎತ್ತಿದೆ. ಎತ್ತಿದ ರಭಸಕ್ಕೆ ಬೆನ್ನು ಚಳಕ್ಕೆಂದಿತು!

ಆ ಬೆನ್ನಿನ ಬಗ್ಗೆ ಒಂದು ಮಾತು ಹೇಳಬೇಕು. ಎಂಟು ವರ್ಷ ಐವತ್ತು ಕೆ.ಜಿ. ಮೂಟೆಗಳನ್ನು ಹೊತ್ತು ಹೊತ್ತು ಅದು ನನ್ನ ಮಾತು ಕೇಳುವುದನ್ನೇ ಬಿಟ್ಟಿತ್ತು. ಬೆಳಗ್ಗೆ ಹಾಸಿಗೆಯಿಂದ ಏಳಬೇಕಾದರೆ ನನ್ನ ಹೆಂಡತಿ ಮಂಗಳ ಒಂದು ಕೈ ಹಿಡಿದು ಎಳೆಯಬೇಕು. ಡಾಕ್ಟರು, "ಇನ್ನು ಭಾರ ಹೊರಬೇಡಿ" ಅಂದಿದ್ದರು. ಭಾರ ಹೊರದಿದ್ದರೆ ಹೆಲ್ಪರಿಗೆ ಏನು ಕೆಲಸ? ಆಪರೇಟರ್ ಆದರೆ ಕುರ್ಚಿಯ ಮೇಲೆ ಕೂತು ಲಿವರ್ ಎಳೆದರೆ ಸಾಕು, ಮೂಟೆ ತಾನೇ ಮೇಲೆ ಹೋಗುತ್ತದೆ. ಇಲ್ಲದಿದ್ದರೆ ಮನೆಗೆ ಹೋಗಬೇಕಾದವನು ನಾನೇ.

ಇದರ ಜೊತೆಗೆ ಇನ್ನೊಂದು ನೋವಿತ್ತು. ಅದು ಬೆನ್ನಿನದಲ್ಲ, ಎದೆಯದು. ನನ್ನ ಮಾವನವರದು ಕುಣಿಗಲ್ ಕಡೆ ಕೊತ್ತಗೆರೆ. ಅವರಿಗೆ ಇಬ್ಬರು ಅಳಿಯಂದಿರು. ದೊಡ್ಡ ಅಳಿಯ, ಅಂದರೆ ನನ್ನ ಷಡ್ಡಕ ರುದ್ರೇಶಣ್ಣ, ಬಸ್ ಡ್ರೈವರ್. ಮಾವ ಯಾರಿಗೇ ಪರಿಚಯ ಮಾಡಿಸಲಿ, "ಇವ್ರು ನಮ್ ದೊಡ್ ಅಳಿಯಂದ್ರು, ಐವತ್ತು ಜನದ ಪ್ರಾಣ ಇವ್ರ ಕೈಲಿರುತ್ತೆ" ಎನ್ನುವರು. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಹೊತ್ತು ಯೋಚಿಸಿ, "ಇವ್ರು ಕಂಪನೀಲವ್ರೆ" ಎನ್ನುವರು. ಅಷ್ಟೇ!

ಎಲ್ಎಲ್ಆರ್ ಕೈಗೆ ಬಂದ ದಿನವೇ ನಾನು ಎಸ್‌ಟಿಡಿ ಬೂತಿಗೆ ಓಡಿ ಕೊತ್ತಗೆರೆಗೆ ಫೋನ್ ಮಾಡಿದೆ. "ಮಾವ, ಲೈಸೆನ್ಸ್ ಬಂದಂಗೇ ಲೆಕ್ಕ. ಮುಂದಿನ ತಿಂಗಳು ಒಂದಿನ ಹೋಗಿ ಇಸ್ಕೊಂಡು ಬರೋದಷ್ಟೆ!"

ಮನೆಗೆ ಬಂದು ಹೇಳಿದಾಗ ಮಂಗಳ ಹುಣಸೆಹಣ್ಣು ಕಿವುಚುತ್ತಿದ್ದವಳು ಕೈ ನಿಲ್ಲಿಸಿದಳು.

"ರೀ, ಟೆಸ್ಟ್ ಇರಲ್ವಾ?"

"ಟೆಸ್ಟು ಗಿಸ್ಟು ಎಲ್ಲಾ ಟ್ರ್ಯಾಕ್ಟರ್ ಗೊತ್ತಿಲ್ದೋರಿಗೆ ಕಣೇ."

ಮಾರನೇ ದಿನ ರಫೀಕ್ ಸಾಬ್ರು ಪಾಠ ಶುರು ಮಾಡಿದರು. ಮೊದಲ ಪಾಠ ಒಂದೇ ಮಾತಿನದು. "ಗಂಗಣ್ಣ, ಇದು ಮುಂದಿನ ಚಕ್ರ ತಿರುಗೋ ಗಾಡಿ ಅಲ್ಲ. ಹಿಂದಿನ ಚಕ್ರ ತಿರುಗುತ್ತೆ. ನೀನು ಎಡಕ್ಕೆ ಹೊರಟ್ರೆ ಅದರ ಹಿಂಭಾಗ ಬಲಕ್ಕೆ ಹೋಗಿ ಗುದ್ದುತ್ತೆ. ಹುಷಾರು."

ನಾನು ಹುಷಾರಾಗಿಯೇ ಎಡಕ್ಕೆ ಹೊರಟೆ. ಹಿಂಭಾಗ ಬಲಕ್ಕೆ ಹೋಗಿ ನೀರಿನ ಡ್ರಮ್ಮನ್ನು ಮಲಗಿಸಿತು. ಡ್ರಮ್ ನೋಡಲು ತಿರುಗಿದೆ, ಈ ಸಲ ವಾಚ್‌ಮನ್ನರ ಕುರ್ಚಿ ಹೋಯಿತು. ಪುಣ್ಯಕ್ಕೆ ವಾಚ್‌ಮನ್ನು ಅದರ ಮೇಲೆ ಇರಲಿಲ್ಲ. ಒಂದು ವಾರದಲ್ಲಿ ನಾನು ಒಂದು ಡ್ರಮ್ಮು, ಎರಡು ಕುರ್ಚಿ, ಸಾಬ್ರ ಊಟದ ಕ್ಯಾರಿಯರ್ ಮತ್ತು ಕಾಂಪೌಂಡಿನ ಒಂದು ಮೂಲೆಯನ್ನು ಸೇವೆಯಿಂದ ನಿವೃತ್ತಿಗೊಳಿಸಿದೆ. ಸಾಬ್ರು ತಾಳ್ಮೆಯ ಮನುಷ್ಯರು. ಕ್ಯಾರಿಯರ್ ಹೋದ ದಿನ ಮಾತ್ರ, "ಯಾ ಅಲ್ಲಾ, ನನ್ನ ರಿಟೈರ್‌ಮೆಂಟು ಇವತ್ತೇ ಆಗ್ಬಾರ್ದಾ" ಎಂದರು.

ಆದರೆ ಆರನೇ ವಾರಕ್ಕೆ ಕೈ ಕುದುರಿತು, ಸುಳ್ಳು ಹೇಳಲ್ಲ. ಮೂಟೆ ಜೋಡಿಸುವ ಹಲಗೆ ಎತ್ತುತ್ತಿದ್ದೆ, ಇಳಿಸುತ್ತಿದ್ದೆ, ಕಂಬವನ್ನು ಮುಂದಕ್ಕೆ ಬಗ್ಗಿಸುತ್ತಿದ್ದೆ. ಸಾಬ್ರೇ ಬೆನ್ನು ತಟ್ಟಿ, "ಹಿಂಗೇ ಮಾಡು, ಹೆಚ್ಚಿಗೆ ಏನೂ ಮಾಡ್ಬೇಡ" ಅಂದರು. ಆ ಕೊನೆಯ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಇವತ್ತು ಹೇಳಲು ನನ್ನ ಬಳಿ ಏನೂ ಇರುತ್ತಿರಲಿಲ್ಲ.

ಟೆಸ್ಟು ಒಂದು ಶುಕ್ರವಾರ, ತುಮಕೂರಿನಲ್ಲಿ. ಗಡುವಿಗೆ ಇನ್ನು ಹತ್ತೇ ದಿನ. ಫೋರ್ಕ್‌ಲಿಫ್ಟನ್ನು ಹೈವೇಯಲ್ಲಿ ಓಡಿಸಿಕೊಂಡು ಹೋಗುವ ಹಾಗಿಲ್ಲವಾದ್ದರಿಂದ ಅದನ್ನು ಲಾರಿಗೆ ಹತ್ತಿಸಿ ಒಯ್ಯಬೇಕು. ಬೆಳಗ್ಗೆ ಏಳಕ್ಕೇ ನಾನು ಫ್ಯಾಕ್ಟರಿಯಲ್ಲಿ ಹಾಜರ್. ಯಾಕೆಂದರೆ ಪೂಜೆ ಆಗಬೇಕಿತ್ತಲ್ಲ! ಹೊಸ ಕೆಲಸ, ಶುಕ್ರವಾರ, ಗಾಡಿ. ಪೂಜೆ ಮಾಡದೆ ಗಾಡಿ ಹತ್ತಿದವರನ್ನು ನಾನು ನಮ್ಮ ಕಡೆ ಕಂಡಿಲ್ಲ.

ಒಂದು ನಿಂಬೆಹಣ್ಣು, ಒಂದು ತೆಂಗಿನಕಾಯಿ ಸಾಕಿತ್ತು. ಆದರೆ ಮಾವನವರು ಕೊತ್ತಗೆರೆಯಿಂದ ಮೊದಲ ಬಸ್ಸಿಗೇ ಹೊರಟು, ರುದ್ರೇಶಣ್ಣನನ್ನೂ ಕರೆದುಕೊಂಡು, 'ಲೈಸೆನ್ಸ್ ಇಸ್ಕೊಳೋದು ನೋಡೋಕೆ' ಬಂದುಬಿಟ್ಟಿದ್ದರು! ಕೈಯಲ್ಲಿ ಎರಡು ಬಾಳೆಕಂದು, ಚೀಲದ ತುಂಬ ಚೆಂಡುಹೂವಿನ ಹಾರ. ಬಗಲಲ್ಲಿ ಬಟ್ಟೆ ಸುತ್ತಿದ, ಗಾಜು ಹಾಕಿಸಿದ ದೊಡ್ಡ ಫೋಟೊ.

"ಅಳಿಯಂದ್ರೇ, ನಮ್ ಮನೆದೇವ್ರು ವೀರಭದ್ರಸ್ವಾಮಿ. ನಮ್ ತಾತನ ಕಾಲದ್ದು. ಗೋಡೆಯಿಂದ ಇವತ್ತೇ ಮೊದ್ಲು ಇಳಿಸಿರೋದು. ನಿಮಗೋಸ್ಕರ!"

ನನಗೆ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಮಾವ ನನಗೋಸ್ಕರ ಗೋಡೆಯಿಂದ ಏನನ್ನೂ ಇಳಿಸಿರಲಿಲ್ಲ. ಆ ಆವೇಶದಲ್ಲಿ ನಾನೇ ಬಾಳೆಕಂದುಗಳನ್ನು ಗಾಡಿಯ ಮುಂದಿನ ಕಂಬದ ಎರಡೂ ಪಕ್ಕ ಕಟ್ಟಿದೆ. ಹಾರ ಸುತ್ತಿದೆ. ಫೋಟೊಗೂ ಒಂದು ಹಾರ ಸುತ್ತಿ, ಅದನ್ನು ಮೂಟೆ ಒರಗುವ ಕಬ್ಬಿಣದ ಚೌಕಟ್ಟಿಗೆ, ಅಂದರೆ ಮೇಲೆ ಕೆಳಗೆ ಹೋಗುವ ಭಾಗಕ್ಕೇ, ಮೂಟೆ ಹೊಲಿಯುವ ದಾರದಿಂದ ಭದ್ರವಾಗಿ ಕಟ್ಟಿದೆ. ನಾನು ಭದ್ರ ಅಂದುಕೊಂಡೆ.

ರಫೀಕ್ ಸಾಬ್ರು ಸುತ್ತ ಒಂದು ಸಲ ನಡೆದು ನೋಡಿದರು. "ಗಂಗಣ್ಣ, ಟೆಸ್ಟ್ ಮುಂಚೆ ಇದೆಲ್ಲ ಬಿಚ್ತೀಯ ತಾನೆ?"

"ದೇವ್ರನ್ನ ಅರ್ಧದಲ್ಲಿ ಬಿಚ್ಚೋದುಂಟಾ ಸಾಬ್ರೇ!"

ಲಾರಿ ಹೊರಟಿತು. ಮುಂದೆ ಸಾಬ್ರು ಮತ್ತು ಡ್ರೈವರ್, ಹಿಂದೆ ಫೋರ್ಕ್‌ಲಿಫ್ಟು, ಅದರ ಪಕ್ಕ ನಾನು, ಮಾವ, ರುದ್ರೇಶಣ್ಣ. ದಾರಿಯುದ್ದಕ್ಕೂ ಜನ ಕೈ ಮುಗಿದರು. ಕ್ಯಾತ್ಸಂದ್ರದಲ್ಲಿ ಲಾರಿ ನಿಂತಾಗ ಒಬ್ಬ ಅಜ್ಜಿ ಬಂದು ಕೇಳಿದಳು, "ಯಾವೂರ್ ದೇವ್ರಪ್ಪಾ ಇದು?"

"ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದ್ದು ಅಜ್ಜಿ" ಎಂದೆ. ಅಜ್ಜಿ ಲಾರಿಯ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಟೆಸ್ಟ್ ಮೈದಾನದಲ್ಲಿ ಸ್ಕೂಟರಿನವರು, ಆಟೊದವರು, ಫಿಟ್‌ನೆಸ್ ಸರ್ಟಿಫಿಕೇಟಿಗೆ, ಅಂದರೆ ಎಫ್.ಸಿ.ಗೆ ಬಂದ ಒಂದು ಹಳೇ ಪ್ರೈವೇಟ್ ಬಸ್ಸು. ಮಣ್ಣಿನ ದಿಬ್ಬಕ್ಕೆ ಲಾರಿ ಒರಗಿಸಿ ಸಾಬ್ರು ಗಾಡಿಯನ್ನು ಕೆಳಗಿಳಿಸಿದರು. ಇನ್‌ಸ್ಪೆಕ್ಟರು ಸೌಮ್ಯ ಸ್ವಭಾವದವರು. ಬಾಳೆಕಂದು ನೋಡಿ, ಹಾರ ನೋಡಿ, ದೇವರನ್ನು ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಕೇಳಿದರು.

"ಮದುವೆಗೆ ಬಂದಿದೀರೋ, ಟೆಸ್ಟಿಗೋ?"

"ಟೆಸ್ಟಿಗೇ ಸಾರ್!"

"ಆ ಹಲಗೆ ಎತ್ತಿ, ಅಲ್ಲಿಗೆ ಹೋಗಿ, ಹತ್ತಡಿ ಮೇಲೆತ್ತಿ, ಮುಂದಕ್ಕೆ ಬಗ್ಗಿಸಿ ತೋರಿಸಿ. ವಾಪಸ್ ಇಳಿಸಿ. ಅಷ್ಟೆ."

ಅಷ್ಟೇ! ಮಾವ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟರು. ನಾನು ಗಾಡಿ ಬಿಟ್ಟೆ. ಪಚಕ್ ಪಚಕ್ ಎಂದು ನಾಲ್ಕೂ ಒಡೆದವು. ಜನ ಚಪ್ಪಾಳೆ ತಟ್ಟಿದರು. ನನಗೆ ಆಗ ತಿಳಿದ ಒಂದು ಸಣ್ಣ ಸಂಗತಿ ಏನೆಂದರೆ, ಮುಂದೆ ಏನೂ ಕಾಣುತ್ತಿರಲಿಲ್ಲ. ಎಡಗಡೆ ಬಾಳೆಎಲೆ, ಬಲಗಡೆ ಬಾಳೆಎಲೆ, ನಡುವೆ ವೀರಭದ್ರಸ್ವಾಮಿಯವರ ಬೆನ್ನು! ಎಲೆ ಸರಿಸಿ ಇಣುಕಲು ಎಡಕ್ಕೆ ತಿರುಗಿದೆ. ಹಿಂಭಾಗ ಬಲಕ್ಕೆ ಹೋಗಿ ಇನ್‌ಸ್ಪೆಕ್ಟರ ಮೇಜನ್ನು ಮುಟ್ಟಿತು. ಅರ್ಜಿಗಳು ಮೈದಾನದ ತುಂಬ ಹಾರಾಡಿದವು. ಸ್ಕೂಟರಿನವರೆಲ್ಲ ಅವುಗಳ ಹಿಂದೆ ಓಡಿದರು.

"ಪರ್ವಾಗಿಲ್ಲ, ಮುಂದುವರಿಸಿ" ಎಂದರು ಆ ಪುಣ್ಯಾತ್ಮರು.

ಹೇಗೋ ಹಲಗೆ ಸಿಕ್ಕಿತು. ಜಾಗಕ್ಕೆ ಹೋದೆ. ಲಿವರ್ ಎಳೆದೆ. ಹಲಗೆಯ ಜೊತೆ ದೇವರೂ ನಿಧಾನವಾಗಿ ಮೇಲೇರತೊಡಗಿದರು. ಐದಡಿ. ಏಳಡಿ. ಹತ್ತಡಿ! ಚೆಂಡುಹೂ ಉದುರುತ್ತಿದೆ, ಬಿಸಿಲಿಗೆ ಗಾಜು ಫಳಫಳ ಹೊಳೆಯುತ್ತಿದೆ. ಮಾವ ಎರಡೂ ಕೈ ಮೇಲೆತ್ತಿ "ಹರಹರ ಮಹಾದೇವ!" ಎಂದು ಕೂಗಿದರು. ಇಡೀ ಮೈದಾನ ಕೂಗಿತು. ಎಂಟು ವರ್ಷದ ಹೆಲ್ಪರ್ ಜೀವನದಲ್ಲಿ ನಾನು ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ, ಗಾಡಿಯ ಸೀಟಿನಲ್ಲೇ ಕೂತಿದ್ದರೂ!

ಆಗ ದಾರ ಪಟ್ಟೆಂದು ಕಿತ್ತುಹೋಯಿತು.

ಮೇಲಿನ ದಾರ ಹೋಗಿ, ಕೆಳಗಿನದು ಮಾತ್ರ ಉಳಿಯಿತು. ವೀರಭದ್ರಸ್ವಾಮಿ ಹತ್ತಡಿ ಎತ್ತರದಲ್ಲಿ ಮುಂದಕ್ಕೆ ವಾಲಿ, ಹಾರದ ಆಸರೆಯಲ್ಲಿ ನಮ್ಮನ್ನೆಲ್ಲ ಬಗ್ಗಿ ನೋಡುತ್ತ ನಿಂತರು.

ಮೇಜು ಎತ್ತಿ ನಿಲ್ಲಿಸುತ್ತಿದ್ದ ಇನ್‌ಸ್ಪೆಕ್ಟರು ಅದನ್ನು ಗಮನಿಸದೆ ಹೇಳಿದರು, "ಗುಡ್. ಈಗ ಮುಂದಕ್ಕೆ ಬಗ್ಗಿಸಿ."

"ಲೇ ಗಂಗಾ! ಬಗ್ಗಿಸ್ಬೇಡ ಕಣ್ಲಾ!" ಮಾವ ಕಿರುಚಿದರು. ಅಲ್ಲಿಯವರೆಗೆ 'ಅಳಿಯಂದ್ರೇ' ಆಗಿದ್ದವನು ಹತ್ತಡಿ ಎತ್ತರದಲ್ಲಿ 'ಲೇ' ಆದೆ!

"ಬಗ್ಗಿಸ್ರೀ, ಟೆಸ್ಟ್ ಅದೇ."

"ಬಗ್ಗಿಸಿದ್ಯೋ, ಮಗಳನ್ನ ವಾಪಸ್ ಕರ್ಕೊಂಡ್ ಹೋಯ್ತೀನಿ!"

ಬಗ್ಗಿಸಿದರೆ ದೇವರು ಬೀಳುತ್ತಾರೆ, ಬಗ್ಗಿಸದಿದ್ದರೆ ಕೆಲಸ ಬೀಳುತ್ತದೆ. ಲಿವರಿನ ಮೇಲೆ ಕೈ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಇಂಜಿನ್ ಗುರುಗುಟ್ಟಿದಷ್ಟೂ ದೇವರು ಮೇಲೆ ತೂಗುತ್ತಿದ್ದರು.

"ಸಾರ್, ದೇವ್ರು ಬೀಳ್ತಾರೆ ಸಾರ್" ಎಂದೆ.

"ಹಂಗಾದ್ರೆ ನಿಧಾನಕ್ಕೆ ಇಳಿಸಿ."

ಇಳಿಸಲು ಹೋದೆ. ಹಾರ ಹೋಗಿ ಕಂಬದ ಚೈನಿಗೆ ಸಿಕ್ಕಿಕೊಂಡಿತ್ತು! ಒಂದಿಂಚು ಇಳಿಸಿದೆ, ಹಾರ ಬಿಗಿದು ದೇವರು ಇನ್ನಷ್ಟು ವಾಲಿದರು. ಮೈದಾನದಲ್ಲಿ "ಅಯ್ಯಯ್ಯೋ" ಎದ್ದಿತು. ರಫೀಕ್ ಸಾಬ್ರು ಓಡಿ ಬಂದು, "ಕೈ ತೆಗಿ! ಬಂದ್ ಮಾಡು! ಯಾವುದನ್ನೂ ಮುಟ್ಬೇಡ!" ಎಂದು ಕೂಗಿದರು. ಬಂದ್ ಮಾಡಿದೆ.

ಈಗ ಹತ್ತಡಿ ಮೇಲಿಂದ ದೇವರನ್ನು ಇಳಿಸುವುದು ಹೇಗೆ? ಏಣಿ ಇಲ್ಲ. ಸ್ಕೂಟರಿನವರು ಒಂದೊಂದು ಸಲಹೆ ಕೊಟ್ಟರು. ಎಲ್ಲರ ನಡುವಿಂದ ರುದ್ರೇಶಣ್ಣ ಅಂಗಿಯ ತೋಳು ಮಡಿಸುತ್ತ ಮುಂದೆ ಬಂದ. ಎಫ್.ಸಿ.ಗೆ ನಿಂತಿದ್ದ ಬಸ್ಸಿನವರನ್ನು ಒಂದು ಮಾತು ಕೇಳಿದ. ಸ್ಟೇರಿಂಗ್ ಹಿಡಿದ. ಅಷ್ಟು ದೊಡ್ಡ ಬಸ್ಸನ್ನು ರಿವರ್ಸಿನಲ್ಲಿ ತಂದು, ನನ್ನ ಗಾಡಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿದ. ಹಿಂದಿನ ಏಣಿ ಹತ್ತಿ, ಟಾಪಿನ ಮೇಲೆ ಮಂಡಿಯೂರಿ, ಹಾರ ಕತ್ತರಿಸಿ, ಮನೆದೇವ್ರನ್ನು ಎದೆಗವಚಿಕೊಂಡು ಕೆಳಗಿಳಿದ.

ಆ ಚಪ್ಪಾಳೆ! ಆಟೊದವರು ಹಾರ್ನ್ ಬಾರಿಸಿದರು. ಇನ್‌ಸ್ಪೆಕ್ಟರು ಅವನ ಕೈ ಕುಲುಕಿ, "ಏನ್ ಕಂಟ್ರೋಲ್ ರೀ!" ಎಂದರು. ಮಾವನವರು ಸುತ್ತ ನೆರೆದವರಿಗೆಲ್ಲ, "ನಮ್ ದೊಡ್ ಅಳಿಯಂದ್ರು! ಐವತ್ತು ಜನದ ಪ್ರಾಣ ಅಲ್ದೆ ದೇವ್ರುನ್ನೂ ಕಾಪಾಡಿದ್ರು!" ಎನ್ನುತ್ತಿದ್ದರು. ನಾನು ಬಾಳೆಎಲೆಗಳ ಮರೆಯಲ್ಲಿ ಸೀಟಿನ ಮೇಲೇ ಕೂತಿದ್ದೆ. ಅಳು ಬರುವ ಹಾಗಿತ್ತು. ಬೆನ್ನೂ ನೋಯುತ್ತಿತ್ತು.

ಇನ್‌ಸ್ಪೆಕ್ಟರು ಎಲೆ ಸರಿಸಿ ಮೆಲ್ಲಗೆ ಹೇಳಿದರು. "ದೇವ್ರು ಪಾಸು. ನೀವು ಫೇಲು. ಮುಂದಿನ ಶುಕ್ರವಾರ ಬನ್ನಿ. ಒಬ್ರೇ ಬನ್ನಿ."

ಮನೆಯಲ್ಲಿ ಮಂಗಳ ಎಲ್ಲ ಕೇಳಿದಳು. ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಗಲಿಲ್ಲ. ಕೊನೆಗೆ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತ, "ಬಿಡ್ರೀ, ಕೆಲಸಕ್ಕಿಂತ ದೇವ್ರೇ ದೊಡ್ಡೋರು ಅಂತ ಬಗ್ಗಿಸ್ಲಿಲ್ವಲ್ಲ. ನಂಗೆ ಅದೇ ಹೆಮ್ಮೆ" ಎಂದಳು. ನಾನು ಹೆದರಿದ್ದು ದೇವರಿಗಲ್ಲ, ಅವರಪ್ಪನಿಗೆ ಎಂಬುದನ್ನು ಹೇಳಲು ಹೋಗಲಿಲ್ಲ.

ಮುಂದಿನ ಶುಕ್ರವಾರ ಒಂದು ನಿಂಬೆಹಣ್ಣನ್ನು ಜೇಬಿನಲ್ಲೇ ಇಟ್ಟುಕೊಂಡು ಹೋದೆ. ಎತ್ತಿದೆ, ಬಗ್ಗಿಸಿದೆ, ಇಳಿಸಿದೆ. ನಾಲ್ಕು ನಿಮಿಷ! ಲೈಸೆನ್ಸ್ ಬಂತು. ಗಡುವಿಗೆ ಮೂರು ದಿನ ಇರುವಾಗ ನಾನು ಆಪರೇಟರ್ ಆದೆ. ಬೆನ್ನು ಉಳಿಯಿತು.

ಮಾನದ ವಿಷಯ ಬೇರೆ. ಆ ವರ್ಷದ ಆಯುಧಪೂಜೆಗೆ ಮಾವನವರನ್ನು ನಾನೇ ಹಟ ಮಾಡಿ ಫ್ಯಾಕ್ಟರಿಗೆ ಕರೆಸಿದೆ. ಅಳಿಯ ಸೀಟಿನ ಮೇಲೆ ಕೂತಿರುವುದನ್ನು ಕಣ್ಣಾರೆ ನೋಡಲಿ ಅಂತ. ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ಗೇಟಿನೊಳಗೆ ಬಂದರೆ ನೋಟಿಸ್ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಪೂಜೆಯ ದಿನ ಗಂಗಾಧರಯ್ಯನವರ ಕೈಗೆ ಫೋರ್ಕ್‌ಲಿಫ್ಟ್ ಬೀಗದ ಕೈ ಕೊಡತಕ್ಕದ್ದಲ್ಲ.' ಕೆಳಗೆ ಮ್ಯಾನೇಜರ ಸಹಿ, ಸೀಲು!

ರಿಟೈರಾಗಿದ್ದ ರಫೀಕ್ ಸಾಬ್ರನ್ನು ಅದೊಂದು ದಿನಕ್ಕೆ ಮನೆಯಿಂದ ಕರೆಸಿದ್ದರು. ಅವರು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಒಂದು ಸುತ್ತು ಹೊಡೆದರು. ನಾನು ಪಕ್ಕದಲ್ಲಿ ಪುರಿ ಹಂಚುತ್ತ ನಿಂತಿದ್ದೆ. ವಾಚ್‌ಮನ್ನು ಹೊಸ ಕುರ್ಚಿಯಿಂದ ಎದ್ದು ಮಾವನವರನ್ನು ಕೇಳಿದ, "ಇವ್ರು ನಿಮ್ಮ ಅಳಿಯನಾ ಯಜಮಾನ್ರೇ?"

ಮಾವ ನನ್ನ ಕಡೆ ತಿರುಗಿದರು. ಯಾವತ್ತಿನ ಹಾಗೆ ಸ್ವಲ್ಪ ಹೊತ್ತು ಯೋಚಿಸಿದರು. ನಾನು ಯೂನಿಫಾರಂ ಎಳೆದುಕೊಂಡು ನೆಟ್ಟಗೆ ನಿಂತೆ.

"ಹೂಂ ಕಣಪ್ಪ" ಎಂದರು. "ಇವ್ರು ದೇವ್ರುನ್ನ ಎತ್ತೋರು. ಇಳಿಸೋರು ಊರಲ್ಲವ್ರೆ."