ನಾನು ಬೈಗುಳ ನಿಷೇಧಿಸಿದ್ದು

ನಾನು ಕನ್ನಡ ಮೇಷ್ಟ್ರು. ತಪ್ಪು ತಿದ್ದುವುದು ನನ್ನ ಉದ್ಯೋಗ. ಉದ್ಯೋಗ ಸಂಜೆ ಐದಕ್ಕೆ ಮುಗಿಯುತ್ತಿತ್ತು, ತಿದ್ದುವುದು ಮುಗಿಯುತ್ತಿರಲಿಲ್ಲ. ಹೊಳೆನರಸೀಪುರದ ಪೇಟೆಯಲ್ಲಿ ನಡೆದು ಬರುವಾಗ ಅಂಗಡಿ ಬೋರ್ಡುಗಳ ಒತ್ತಕ್ಷರ ನೋಡುತ್ತಾ ಎರಡು ಸಲ ಚರಂಡಿಗೆ ಕಾಲಿಟ್ಟಿದ್ದೇನೆ. ಹೆಂಡತಿ ವಿಶಾಲಾಕ್ಷಿ ದಿನಸಿ ಚೀಟಿಯಲ್ಲಿ 'ಕಡ್ಲೆಬೇಳೆ' ಎಂದು ಬರೆದರೆ 'ಕಡಲೆಬೇಳೆ' ಎಂದು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಬೇಳೆ ತರುವುದನ್ನು ಮಾತ್ರ ಮರೆಯುತ್ತಿದ್ದೆ!

ಇಂಥವನ ಕೈಗೆ ಅಧಿಕಾರ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ಎರಡು ಸಾವಿರದ ಎಂಟು–ಒಂಬತ್ತರ ಸುಮಾರಿನ ಮಾತು. ಕಂಪ್ಯೂಟರಿನಲ್ಲಿ ಒಂದು ಜಾಲತಾಣ ಜನಪ್ರಿಯವಾಗಿತ್ತು. ಹಳೆಯ ಗೆಳೆಯರೆಲ್ಲ ಅಲ್ಲಿ ಸೇರಿ ಬಳಗ ಕಟ್ಟಿಕೊಳ್ಳಬಹುದಿತ್ತು. ಹಾಸನದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ ನನ್ನ ಸಹಪಾಠಿ ಪುಟ್ಟಸ್ವಾಮಿ ನಮ್ಮ ಎಸ್ಸೆಸ್ಸೆಲ್ಸಿ ತಂಡಕ್ಕೆಂದು ಒಂದು ಬಳಗ ಶುರು ಮಾಡಿ ನನಗೆ ಫೋನ್ ಮಾಡಿದ.

"ಲೇ ಶ್ರೀಕಂಠ, ಇದಕ್ಕೊಬ್ಬ ಮಾಡರೇಟರ್ ಬೇಕಂತೆ ಕಣ್ಲಾ. ಅಂದ್ರೆ ಕ್ಲಾಸ್ ಮಾನಿಟರ್ ಇದ್ದಂಗೆ. ಗಲಾಟೆ ಮಾಡಿದೋರ ಬರಹ ಅಳಿಸ್ಬೇಕು. ನಿಂಗೆ ಹೇಳ್ ಮಾಡ್ಸಿದ್ ಕೆಲ್ಸ."

ನಾನು ಆ ಕೂಡಲೇ ಒಪ್ಪಿಕೊಂಡೆ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಶಾರದಮ್ಮನವರ ಸೈಬರ್ ಸೆಂಟರಿತ್ತು. ಅರ್ಧ ಊರಿಗೆ ಟೈಪಿಂಗ್ ಕಲಿಸಿದ ಹೆಂಗಸು ಅವರು. ಕಾಲ ಬದಲಾದಾಗ ಟೈಪ್‌ರೈಟರ್ ಎತ್ತಿಟ್ಟು ಅದೇ ಮೇಜುಗಳ ಮೇಲೆ ಕಂಪ್ಯೂಟರ್ ಕೂರಿಸಿದ್ದರು. ದಿನಾ ಸಂಜೆ ನನ್ನ ದರಬಾರು ಅಲ್ಲಿಯೇ.

ಬಳಗದಲ್ಲಿ ಎಲ್ಲರೂ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಿದ್ದರು. "ಲೇ ಮುಂಡೇದೆ, ಬದುಕಿದ್ಯಾ?" ಎಂದು ಒಬ್ಬ ಕೇಳಿದರೆ, "ಸತ್ತಿಲ್ಲ ಕಣ್ಲಾ ಬಡ್ಡೆತ್ತದೆ, ನೀನೆಂಗಿದ್ದೀಯ?" ಎಂದು ಇನ್ನೊಬ್ಬ ಉತ್ತರಿಸುತ್ತಿದ್ದ. ಇದು ಜಗಳವಲ್ಲ. ನಮ್ಮ ಸೀಮೆಯಲ್ಲಿ ಇದು ಉಭಯ ಕುಶಲೋಪರಿ.

ಅಷ್ಟರಲ್ಲಿ ಜಾಲತಾಣದವರಿಂದ ಒಂದು ಸೂಚನೆ ಬಂತು. ನಿಯಮ ಬದಲಾಗಿದೆ, ಇನ್ನು ಮುಂದೆ ಬೈಗುಳ ಕೂಡದು, ಬೈಗುಳವಿರುವ ಬಳಗವನ್ನು ಮುಚ್ಚಲಾಗುವುದು, ಮಾಡರೇಟರೇ ಹೊಣೆ. ನನ್ನ ಎದೆ ಉಬ್ಬಿತು. ದೂರದ ಯಾವುದೋ ದೇಶದಲ್ಲಿ ಕುಳಿತವರು ಹೊಳೆನರಸೀಪುರದ ಶ್ರೀಕಂಠನನ್ನು ಹೊಣೆ ಮಾಡಿದ್ದಾರೆ!

ಒಂದು ಸೌಲಭ್ಯವನ್ನೂ ಕೊಟ್ಟಿದ್ದರು. ನಿಷಿದ್ಧ ಪದಗಳ ಪಟ್ಟಿಯನ್ನು ನಾವೇ ತುಂಬಬಹುದು. ಅಂಥ ಪದವಿರುವ ಬರಹ ತಾನಾಗಿಯೇ ಒಂದು ಕಸದ ಕಡತಕ್ಕೆ ಹೋಗಿಬಿಡುತ್ತದೆ. ನಾನು ಆ ಕಡತಕ್ಕೆ 'ತಿಪ್ಪೆ' ಎಂದು ನಾಮಕರಣ ಮಾಡಿದೆ. ಭಾನುವಾರವಿಡೀ ಮನೆಯಲ್ಲಿ ಕಾಗದ ಹಿಡಿದು ಕೂತು ನಮ್ಮ ಜಿಲ್ಲೆಯ ಬೈಗುಳಗಳನ್ನು ಅಕಾರಾದಿಯಾಗಿ ಪಟ್ಟಿ ಮಾಡಿದೆ. ಎಮ್ಮೆ, ಕತ್ತೆ, ಕೋಣ, ಗೂಬೆ, ಬಡ್ಡೆತ್ತದು, ಮುಂಡೇದು. ಅನುಮಾನ ಬಂದಲ್ಲಿ ಒಳಗಿದ್ದ ವಿಶಾಲಾಕ್ಷಿಯನ್ನು ಕೇಳಿದೆ.

"ವಿಶಾಲು, 'ಲೇ' ಅನ್ನೋದು ಬೈಗುಳವೇನೇ?"

"ಯಾರು ಯಾರಿಗೆ ಅಂತಾರೆ ಅನ್ನೋದರ ಮೇಲೆ ಹೋಗತ್ತೆ ಕಣ್ರೀ."

ಕಂಪ್ಯೂಟರಿಗೆ ಅದೆಲ್ಲ ತಿಳಿಯುವುದಿಲ್ಲ. 'ಲೇ' ಕೂಡ ಸೇರಿಸಿ, ಮರುದಿನ ಇಡೀ ಪಟ್ಟಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜಾಲತಾಣಕ್ಕೆ ತುಂಬಿದೆ.

ಮೂರು ದಿನ ಬಳಗದಲ್ಲಿ ಸ್ಮಶಾನ ಮೌನ. ಶಿಸ್ತು ಎಷ್ಟು ಬೇಗ ಬಂತು ಎಂದು ನಾನು ಬೀಗುತ್ತಿದ್ದೆ. ನಾಲ್ಕನೆಯ ದಿನ ಪುಟ್ಟಸ್ವಾಮಿ ಫೋನಿನಲ್ಲಿ ಕಿರುಚಿದ. "ನಮ್ಮೂರ್ ಹೆಸ್ರು ಬರ್ದ್ರೂ ಅಳಿಸ್ತೀಯೇನ್ಲಾ?" ನೋಡಿದರೆ ನಿಜ. ಹೊಳೆನರಸೀಪುರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದರ ಹೊಟ್ಟೆಯೊಳಗೇ ಒಂದು 'ಲೇ' ಕೂತಿದೆ! ಊರಿಗೆ ಊರೇ ತಿಪ್ಪೆ ಸೇರಿತ್ತು.

'ಲೇ' ತೆಗೆದೆ. ಮಿಕ್ಕ ಪದಗಳನ್ನು ಪರೀಕ್ಷಿಸುವ ಗೋಜಿಗೆ ಹೋಗಲಿಲ್ಲ. ಒಂದು ತಪ್ಪು ಸಿಕ್ಕಿದರೆ ಅದೇ ಕೊನೆಯ ತಪ್ಪೆಂದು ನಂಬುವ ಜಾಯಮಾನ ನನ್ನದು.

ತಿಂಗಳೊಳಗೆ ನಿಯಮ ಮತ್ತೆ ಬದಲಾಯಿತು. ಬೆದರಿಕೆಯ ಮಾತೂ ಕೂಡದಂತೆ. ಪಟ್ಟಿಗೆ 'ಕಾಲು ಮುರೀತೀನಿ' ಸೇರಿಸಿದೆ. "ಮದ್ವೆಗೆ ಬರ್ದೆ ಇದ್ರೆ ಕಾಲ್ ಮುರೀತೀನಿ" ಎನ್ನುವುದು ನಮ್ಮಲ್ಲಿ ಬೆದರಿಕೆಯಲ್ಲ, ಮಮತೆಯ ಆಮಂತ್ರಣ. ಅದು ನನಗೆ ಗೊತ್ತಿತ್ತು. ಆದರೆ ನಿಯಮವೆಂದರೆ ನಿಯಮ!

ಗೆಳೆಯರೆಲ್ಲ ಗ್ರಂಥದ ಭಾಷೆಗೆ ಇಳಿದರು. "ಪುಟ್ಟಸ್ವಾಮಿಯವರೇ, ನೀವು ಕ್ಷೇಮವೇ?" ಎಂದು ಒಬ್ಬ ಬರೆದ. "ಕ್ಷೇಮ. ಧನ್ಯವಾದಗಳು." ಅಲ್ಲಿಗೆ ಮಾತು ಮುಗಿಯಿತು. ಮತ್ತೆ ಪುಟ್ಟಸ್ವಾಮಿಯ ಫೋನು. "ಅವ್ನಿಗೆ ನನ್ ಮ್ಯಾಲೆ ಏನ್ ಕ್ವಾಪ ಕಣ್ಲಾ? ನನ್ನ 'ನೀವು' ಅಂತಾವ್ನೆ!" ದನಿಯಲ್ಲಿ ನಿಜವಾದ ನೋವಿತ್ತು. ನಾನು ಅವನಿಗೆ ಬಹುವಚನದ ಮಹತ್ವ ವಿವರಿಸಿದೆ. ಅವನು ಫೋನ್ ಇಟ್ಟುಬಿಟ್ಟ.

ಕೆಲವು ವಾರಗಳ ನಂತರ, ಒಂದು ಭಾನುವಾರ ಬೆಳಿಗ್ಗೆಯೇ ಸೈಬರ್ ಸೆಂಟರಿಗೆ ಹೋದಾಗ, ಮೂರನೆಯ ಸೂಚನೆ ಬಂದಿತ್ತು. ನಿಯಮ ಪುನಃ ಬದಲಾಗಿದೆ. ಸಲುಗೆಯ ಬೈಗುಳಕ್ಕೆ ಅಡ್ಡಿಯಿಲ್ಲ, ಮಾಡರೇಟರು ಸಂದರ್ಭ ನೋಡಿ ವಿವೇಚನೆ ಬಳಸತಕ್ಕದ್ದು. ವಿಶಾಲಾಕ್ಷಿ ಅಡುಗೆಮನೆಯಿಂದಲೇ ಹೇಳಿದ್ದನ್ನು ಕಂಡುಹಿಡಿಯಲು ಅವರಿಗೆ ಇಷ್ಟು ಕಾಲ ಬೇಕಾಯಿತು. ನ್ಯಾಯವಾದುದನ್ನು ವಾಪಸು ಕೊಡೋಣವೆಂದು ಮೊದಲ ಬಾರಿಗೆ ತಿಪ್ಪೆ ಕೆದಕಿದೆ.

ಅಲ್ಲಿ ನಂಜೇಗೌಡನಿದ್ದ.

ನಂಜನ ವಿಷಯ ಹೇಳಬೇಕು. ಅವನು ಕೊಣನೂರಿನವನು. ಹೈಸ್ಕೂಲಿಗೆಂದು ನಮ್ಮೂರಿನ ಅತ್ತೆಯ ಮನೆಯಲ್ಲಿದ್ದ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ನನಗೆ ಹೊಳೆಯಲ್ಲಿ ಈಜು ಕಲಿಸಿದವನು ಅವನು, ಅವನಿಗೆ ಕಂದಪದ್ಯ ಬಾಯಿಪಾಠ ಮಾಡಿಸಿದವನು ನಾನು. ಅದಕ್ಕೂ ಹನ್ನೊಂದು ವರ್ಷದ ಹಿಂದೆ ಅವನು ಕೊಣನೂರಿನಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಮೈಕು ಹಿಡಿದು, "ಎಲ್ರೂ ಊಟ ಮಾಡ್ಕಂಡೇ ಓಗ್ಬೇಕು" ಎಂದ. ಮುಂದಿನ ಸಾಲಿನಲ್ಲಿದ್ದ ನಾನು ಅಭ್ಯಾಸಬಲದಿಂದ ಗಟ್ಟಿಯಾಗಿ, "ಹೋಗ್ಬೇಕು! ಹಕಾರ, ನಂಜ, ಹಕಾರ!" ಎಂದುಬಿಟ್ಟೆ. ಅವನ ಬೀಗರು, ನೆಂಟರು ಎಲ್ಲರೂ ನಕ್ಕರು. ನಂಜ ಮೈಕು ಕೆಳಗಿಟ್ಟ. ಅಂದಿನಿಂದ ಅವನು ನನ್ನೊಂದಿಗೆ ಮಾತಾಡಲಿಲ್ಲ. ನಾನೂ ಮೊದಲು ಮಾತಾಡಿಸಲಿಲ್ಲ. ಸರಿಯಾದ ಉಚ್ಚಾರಣೆ ಹೇಳಿಕೊಟ್ಟವನು ಕ್ಷಮೆ ಯಾಕೆ ಕೇಳಬೇಕು ಎಂಬ ಹಮ್ಮು ನನಗೆ.

ತಿಪ್ಪೆಯಲ್ಲಿ ಅವನ ಮೂರು ಪತ್ರಗಳಿದ್ದವು. ಮೊದಲನೆಯದು ಹೀಗಿತ್ತು. "ಲೇ ಬಡ್ಡೆತ್ತದೆ ಶ್ರೀಕಂಠ, ನನ್ ಮಗಳು ಪವಿತ್ರನ ಮದ್ವೆ ಕಣ್ಲಾ. ಇಲ್ಲೀಗಂಟ ಆಗಿದ್ದೆಲ್ಲ ಆಯ್ತು. ನೀನ್ ಬಂದು ಮುಂದ್ ನಿಂತ್ಕಬೇಕು. ಬರ್ದೆ ಇದ್ರೆ ಕಾಲ್ ಮುರೀತೀನಿ." ಎರಡನೆಯದು, ವಾರದ ನಂತರದ್ದು. "ಕ್ವಾಪ ಇನ್ನೂ ಓಗಿಲ್ವೇನ್ಲಾ ಮುಂಡೇದೆ? ಬಾರ್ಲಾ." ಮೂರನೆಯದನ್ನು ಓದುವಾಗ ಕಣ್ಣು ಮಂಜಾಯಿತು. "ಮಾನ್ಯ ಶ್ರೀಕಂಠಯ್ಯನವರಿಗೆ ನಂಜೇಗೌಡನ ನಮಸ್ಕಾರಗಳು. ತಾವು ನನ್ನ ಮಗಳ ಮದುವೆಗೆ ಕೊಣನೂರಿಗೆ ದಯಮಾಡಿ ಬರಬೇಕಾಗಿ ವಿನಂತಿ."

ತಾವು! ನಂಜ ನನ್ನನ್ನು ತಾವು ಎಂದಿದ್ದ. ಇಡೀ ಪತ್ರದಲ್ಲಿ ತಿದ್ದಲು ಒಂದೂ ತಪ್ಪಿರಲಿಲ್ಲ. ಅಷ್ಟು ಶುದ್ಧವಾದ, ಅಷ್ಟು ಕ್ರೂರವಾದ ಪತ್ರವನ್ನು ನನಗೆ ಯಾರೂ ಬರೆದಿರಲಿಲ್ಲ.

"ಇದರಲ್ಲಿ ಬೈಗುಳವೇ ಇಲ್ಲವಲ್ಲ, ಇದ್ಯಾಕೆ ತಿಪ್ಪೆಗೆ ಬಂತು?" ಎಂದು ಗಟ್ಟಿಯಾಗಿಯೇ ಕೇಳಿಕೊಂಡೆ. ಶಾರದಮ್ಮ ಕನ್ನಡಕ ಏರಿಸಿ ಪರದೆ ನೋಡಿದರು.

"ಮೇಷ್ಟ್ರೇ, ಕೋಣ ಅಂತ ಪಟ್ಟೀಲಿ ಹಾಕಿದ್ದೀರಲ್ಲ. ಇಂಗ್ಲಿಷಲ್ಲಿ ಕೊಣನೂರಿನ ಮೊದಲ ನಾಲ್ಕು ಅಕ್ಷರ ಏನು ನೋಡಿ."

ನೋಡಿದೆ. ಕೊಣನೂರಿನ ಬಾಗಿಲಲ್ಲೇ ಕೋಣ ನಿಂತಿತ್ತು.

"ಇನ್ನೊಂದು ವಿಷಯ. ತಿಪ್ಪೆಗೆ ಹೋದಾಗಲೆಲ್ಲ ಬರೆದವರಿಗೆ ಒಂದು ಉತ್ತರ ಹೋಗಿದೆ. 'ನಿಮ್ಮ ಸಂದೇಶವನ್ನು ಶ್ರೀಕಂಠ ತಿರಸ್ಕರಿಸಿದ್ದಾರೆ' ಅಂತ."

ಮೂರು ಸಲ! ಹನ್ನೊಂದು ವರ್ಷದ ಮೇಲೆ ಚಾಚಿದ ಕೈಯನ್ನು ಮೂರು ಸಲ ತಳ್ಳಿದ್ದೆ, ಅದೂ ಗೊತ್ತಿಲ್ಲದೆ. ಮದುವೆ ಯಾವತ್ತೆಂದು ಪತ್ರದ ಕೊನೆಯಲ್ಲಿ ನೋಡಿದೆ. ಅದೇ ದಿನ. ಮುಹೂರ್ತಕ್ಕೆ ಒಂದು ಗಂಟೆಯೂ ಇರಲಿಲ್ಲ.

ಹೆಂಡತಿಗೆ ಹೇಳಿಕಳಿಸಲು ಶಾರದಮ್ಮನವರಿಗೆ ಒಪ್ಪಿಸಿ, ಹೊರಟು ನಿಂತಿದ್ದ ಅರಕಲಗೂಡು ಬಸ್ಸು ಹತ್ತಿದೆ. ಮೈಮೇಲೆ ಮಾಸಿದ ಪಂಚೆ, ಜೇಬಿಗೆ ಶಾಯಿ ಸೋರಿದ ಶರಟು. ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಕೊಣನೂರು ಮುಟ್ಟುವಷ್ಟರಲ್ಲಿ ಧಾರೆ ಮುಗಿದು, ಛತ್ರದಲ್ಲಿ ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು.

ನಂಜ ಬಾಗಿಲಲ್ಲೇ ಇದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕೈ ಮುಗಿದ.

"ಬನ್ನಿ ಸಾ. ಊಟಕ್ ಕೂತ್ಕಳಿ."

"ನಂಜ, ನಾನು..."

"ದೂರದಿಂದ ಬಂದಿದ್ದೀರ ಸಾ. ಮೊದ್ಲು ಊಟ."

ಕೂತೆ. ಅವನೇ ಬಂದು ಬಡಿಸಿದ. "ಸಾ, ಕೋಸಂಬ್ರಿ?" "ಸಾ, ಪಲ್ಯ?" ಪ್ರತಿಯೊಂದು 'ಸಾ' ಬೆತ್ತದ ಏಟಿನಂತೆ ಬೀಳುತ್ತಿತ್ತು. ಮದುಮಗಳು ಪವಿತ್ರ ಗಂಡನೊಂದಿಗೆ ಊಟದ ಮನೆಗೆ ಬಂದಳು. ಹಾಸನದ ಕಾಲೇಜಿನಲ್ಲಿ ಓದಿದ ಹುಡುಗಿ. ಅಪ್ಪ ಹೇಳಿದ್ದನ್ನೆಲ್ಲ ಟೈಪ್ ಮಾಡಿ ಕಳಿಸಿದ್ದವಳು ಅವಳೇ.

"ಮೂರು ಸಲ ತಿರಸ್ಕಾರ ಮಾಡ್ಬುಟ್ಟು ಈಗ್ ಬಂದ್ರಾ ಮಾವ?" ಎಂದಳು. ಬೈದಂತೆ ಇರಲಿಲ್ಲ, ಅಳುವಂತಿತ್ತು.

ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪಟ್ಟಿ, ತಿಪ್ಪೆ, ಕೊನೆಗೆ ಕೋಣ. ಪವಿತ್ರ ಬಾಯಿಗೆ ಸೆರಗು ಒತ್ತಿಕೊಂಡು ನಗಲು ಶುರು ಮಾಡಿದಳು. "ಅಪ್ಪಾ, ಕೊಣನೂರೊಳ್ಗೆ ಕೋಣ ಐತಂತೆ! ಅದ್ಕೇ ಓದ್ನೇ ಇಲ್ವಂತೆ!"

ನಂಜನ ಮುಖ ಕೆಂಪಾಯಿತು. ಕೈಯಲ್ಲಿದ್ದ ಹೋಳಿಗೆ ತಟ್ಟೆಯನ್ನು ನನ್ನ ಎಲೆಯ ಪಕ್ಕ ಕುಕ್ಕಿದ.

"ಏನಂದೆ? ನಮ್ಮೂರ್ನೇ ಕೋಣ ಅಂದ್ಯೇನ್ಲಾ?"

'ಲಾ'! ನನ್ನ ಎದೆ ಹಗುರಾಯಿತು.

"ಬಡ್ಡೆತ್ತದೆ! ಕತ್ತೆ! ಗೂಬೆ ಮುಂಡೇದೆ! ಮೂರ್ ಕಿತ ಕರುದ್ರೂ ಬರ್ನಿಲ್ವಲ್ಲ ಅಂತ ನಾನು ಮೂರ್ ದಿನ ಅನ್ನ ಬುಟ್ಟಿವ್ನಿ ಕಣ್ಲಾ! ಓದ್ಕಂಡಿರೋ ಎಮ್ಮೆ!"

ಗಂಡಿನ ಕಡೆಯವರು ಗಾಬರಿಯಾಗಿ ಎದ್ದು ನಿಂತರು. ನಾನು ಕೈಮುಗಿದು ಕೇಳುತ್ತಾ ನಿಂತೆ. ನನ್ನ ಪಟ್ಟಿಯಲ್ಲಿದ್ದುದೆಲ್ಲ ಬಂತು, ನಾನು ಬಿಟ್ಟುಹೋಗಿದ್ದ ಏಳೆಂಟು ಪದಗಳೂ ಬಂದವು. ಒಂದರ ಉಚ್ಚಾರಣೆಯೂ ಸರಿಯಿರಲಿಲ್ಲ. ಒಂದನ್ನೂ ತಿದ್ದಬೇಕೆನಿಸಲಿಲ್ಲ.

"ನಂಜ, ಅವತ್ತು ನಿಮ್ಮ ಮನೆ ಗೃಹಪ್ರವೇಶದಲ್ಲಿ ನಾನು..." ಎಂದು ಬಾಯಿ ತೆರೆದೆ.

"ಬಾಯ್ ಮುಚ್ಕಂಡ್ ತಿನ್ಲಾ!" ಎಂದವನೇ ಒಂದು ಇಡೀ ಹೋಳಿಗೆಯನ್ನು ಮಡಿಸಿ ನನ್ನ ಬಾಯಿಗೆ ತುರುಕಿದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಸ್ವಲ್ಪ ಸ್ನೇಹಕ್ಕೆ, ಸ್ವಲ್ಪ ಹೋಳಿಗೆ ಗಂಟಲಿಗೆ ಸಿಕ್ಕಿದ್ದಕ್ಕೆ. ಫೋಟೋದವನು ಆ ಹೊತ್ತಿಗೇ ಕ್ಲಿಕ್ ಮಾಡಿದ.

ಮಾರನೆಯ ದಿನವೇ ಮಾಡರೇಟರ್ ಹುದ್ದೆ ಬಿಟ್ಟೆ. ಪದಗಳ ಪಟ್ಟಿಯನ್ನು ಅಳಿಸಿದೆ. ಬಳಗದವರು ಯಾರೂ ನನ್ನನ್ನು ಮುಂದುವರಿಯಿರೆಂದು ಒತ್ತಾಯಿಸಲಿಲ್ಲ. ಒಬ್ಬರೂ!

ತಿಂಗಳ ನಂತರ ನಂಜ ಆ ಫೋಟೋದ ದೊಡ್ಡ ಪ್ರತಿಯೊಂದನ್ನು ಕಳಿಸಿಕೊಟ್ಟ. ಮಾಸಿದ ಪಂಚೆ, ಶಾಯಿ ಕಲೆಯ ಜೇಬು, ಮುಗಿದ ಕೈ, ಉಬ್ಬಿದ ಎರಡೂ ಕೆನ್ನೆ, ಮೇಲಕ್ಕೆ ತಿರುಗಿದ ಕಣ್ಣು. ಬೀರುವಿನಲ್ಲಿ ಬಚ್ಚಿಡೋಣವೆಂದು ಒಯ್ಯುತ್ತಿದ್ದಾಗ ವಿಶಾಲಾಕ್ಷಿ ಕಿತ್ತುಕೊಂಡಳು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದನ್ನ ಫ್ರೇಮ್ ಹಾಕಿಸ್ತೀನಿ ಕಣ್ರೀ."

"ಯಾಕೆ? ಇದರಲ್ಲಿ ಅಂಥದ್ದೇನಿದೆ?"

"ನಿಮ್ಮನ್ನ ಮದುವೆಯಾಗಿ ಇಷ್ಟು ವರ್ಷ ಆಯ್ತು. ನೀವು ಬಾಯಿ ಮುಚ್ಚಿಕೊಂಡು ಇನ್ನೊಬ್ಬರ ಮಾತು ಕೇಳ್ತಾ ಇರೋ ಫೋಟೋ ಇದೊಂದೇ!"

ಹಾಕಿಸಿದಳು. ಈಗಲೂ ನಮ್ಮ ಹಾಲಿನಲ್ಲಿ, ಬಂದವರಿಗೆಲ್ಲ ಮೊದಲು ಕಾಣುವ ಹಾಗೆ ಇದೆ.