ರೇನರ್ಸ್ ಲೇನ್ ಪ್ಲಾಟ್‌ಫಾರ್ಮಿನ ಮೇಲೆ ಉಡಿ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ನಾನು ಲಂಡನ್ನಿನ ರೇನರ್ಸ್ ಲೇನ್ ನಿಲ್ದಾಣದಲ್ಲಿ, ರೈಲಿನ ಮೂರನೆಯ ಡಬ್ಬಿಯೊಳಗೆ, ಬಾಗಿಲಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನನ್ನ ಎಡಕ್ಕೆ ಮೂರು ಸೂಟ್‌ಕೇಸುಗಳಿದ್ದವು. ಕೋಟಿನ ಒಳಜೇಬಿನಲ್ಲಿ ಎರಡು ಪಾಸ್‌ಪೋರ್ಟು, ಎರಡು ವಿಮಾನದ ಟಿಕೆಟ್ಟು ಇದ್ದವು. ನನ್ನ ಹೆಂಡತಿ ಸುಶೀಲಾ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದಳು. ನಮ್ಮಿಬ್ಬರ ನಡುವಿನ ಗಾಜಿನ ಬಾಗಿಲು ಮುಚ್ಚಿತ್ತು. ಇಷ್ಟನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಮುಂದಿನದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗುತ್ತದೆ. 

ಧಾರವಾಡದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸಾಕ್ಷಿಗಳ ಹೇಳಿಕೆಗಳನ್ನು ಬರೆದುಕೊಂಡವನು ನಾನು. ನೀವು ಎಲ್ಲಿ ನಿಂತಿದ್ದಿರಿ ಎಂದು ವಕೀಲರು ಕೇಳಿದರೆ ನಮ್ಮ ಕಡೆಯ ಸಾಕ್ಷಿದಾರ ತನ್ನ ಭಾವಮೈದುನನ ಮದುವೆಯಿಂದ ಶುರು ಮಾಡುತ್ತಾನೆ. ಗಂಟೆ ಎಷ್ಟಾಗಿತ್ತು ಎಂದರೆ ಎಮ್ಮೆ ಹಿಂಡುವ ಹೊತ್ತು ಎನ್ನುತ್ತಾನೆ. ನಾನು ಪೆನ್ನು ಹಿಡಿದು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ಎಂದಾದರೂ ನನ್ನ ಪಾಳಿ ಬಂದರೆ ಸಾಕ್ಷಿ ಎಂದರೆ ಹೇಗಿರಬೇಕೆಂದು ತೋರಿಸಿಕೊಡುತ್ತೇನೆ ಎಂದುಕೊಂಡಿದ್ದೆ. ಪಾಳಿ ಬಂದದ್ದು ನಿವೃತ್ತಿಯ ಮೇಲೆ, ಅದೂ ಕೋರ್ಟಿನಲ್ಲಲ್ಲ, ಬೀಗರ ಫೋನುಗಳಲ್ಲಿ. "ಏನಪಾ, ಹೇಂತೀನ್ನ ಲಂಡನ್ನಿನಾಗ ಬಿಟ್ಟು ರೈಲು ಹತ್ತಿದಿಯಂತ?" ಎಂದು ಹುಬ್ಬಳ್ಳಿಯಿಂದ ಒಬ್ಬರು, ಬೆಳಗಾವಿಯಿಂದ ಒಬ್ಬರು. ಎಲ್ಲರಿಗೂ ನಾನು ಕೊಟ್ಟ ಹೇಳಿಕೆ ಒಂದೇ: ನಾನು ಬಿಟ್ಟು ಹೋಗಲಿಲ್ಲ, ರೈಲು ಹೊರಟಿತು. ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೆ ನಾನು ತಿರುಗದೆ ಇರುತ್ತಿದ್ದೆನೆ? ನಾನೇನು ಕಿವುಡನೆ?

ನಾವು ಲಂಡನ್ನಿಗೆ ಹೋದದ್ದು ನಾಲ್ಕು ದಿನಕ್ಕೆ. ಸುಶೀಲಾಳ ತಂಗಿ ವನಜಾ ಮದುವೆಯಾಗಿ ಅಲ್ಲಿಗೆ ಹೋಗಿ ಇಪ್ಪತ್ತಾರು ವರ್ಷ. ಅವಳ ಗಂಡ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಮಗಳು ಅನಘಾ ಕೂಡ ಡಾಕ್ಟರಿಕೆಯ ಕೊನೆಯ ವರ್ಷದಲ್ಲಿದ್ದಾಳೆ. ವನಜಾ ಪ್ರತಿ ವರ್ಷ ಕರೆಯುತ್ತಿದ್ದಳು, ನಾವು ಪ್ರತಿ ವರ್ಷ ಹೂಂ ಎನ್ನುತ್ತಿದ್ದೆವು. ಕಡೆಗೆ ಹೊರಟಾಗ ನಾಲ್ಕೇ ದಿನ ಯಾಕೆ ಎಂದರೆ, ನಾನು ಮನೆಯಲ್ಲೇ ಕೂತು ಒಂದು ಟೈಮ್‌ಟೇಬಲ್ ಮಾಡಿದ್ದೆ. ಅರಮನೆ, ನದಿ, ಸೇತುವೆ, ದೊಡ್ಡ ಗಡಿಯಾರ, ಎರಡು ಮ್ಯೂಸಿಯಂ: ಎಲ್ಲ ನಾಲ್ಕು ದಿನದಲ್ಲಿ ಮುಗಿಯುತ್ತಿದ್ದವು. ತಂಗಿಯನ್ನು ನೋಡಲು ಎಷ್ಟು ದಿನ ಬೇಕಾಗುತ್ತದೆ ಎಂಬುದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

ಇರಬೇಕಿತ್ತು. ಅತ್ತೆಯವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮಕ್ಕಳೆಂದರೆ ಇವರಿಬ್ಬರೇ, ಅಣ್ಣ ತಮ್ಮಂದಿರಿಲ್ಲ. ತಾಯಿಯ ಟ್ರಂಕು ತೆರೆದು ಸೀರೆಗಳನ್ನೂ ಖಣಗಳನ್ನೂ ಹಂಚಿಕೊಂಡು, ಬೀಗ ಹಾಕಿ, ಒಬ್ಬಳು ಧಾರವಾಡದ ಬಸ್ಸು ಹತ್ತಿದಳು, ಒಬ್ಬಳು ವಿಮಾನ ಹತ್ತಿದಳು. ಆಮೇಲೆ ಸುಶೀಲಾ ತವರಿನ ಮಾತನ್ನೇ ಆಡಿರಲಿಲ್ಲ. ಒಂದು ಸಲ ಮಾತ್ರ, ಯಾರದೋ ಮನೆಯ ಸೀಮಂತ ಮುಗಿಸಿ ಬಂದು ಚಪ್ಪಲಿ ಬಿಡುತ್ತ, "ಇನ್ನ ನನಗ ಉಡಿ ತುಂಬವ್ರು ಯಾರೂ ಇಲ್ಲ ನೋಡ್ರಿ" ಅಂದಳು. ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಡುವಾಗ ಅರಿಶಿನ ಕುಂಕುಮ ಹಚ್ಚಿ, ಸೆರಗು ಹಿಡಿಸಿ, ಅದರೊಳಗೆ ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆ, ಕುಪ್ಪಸದ ಖಣ ಹಾಕಿ ಕಳಿಸುತ್ತಾರೆ. ಅದೇ ಉಡಿ. ಮೂವತ್ನಾಲ್ಕು ವರ್ಷ ನನ್ನ ಅತ್ತೆ ಅದನ್ನು ತಪ್ಪದೆ ತುಂಬಿದರು. ಮೂವತ್ನಾಲ್ಕು ವರ್ಷ ನಾನು ಅದು ನಡೆಯುವಾಗ ಹೊರಗಿನ ಕಟ್ಟೆಯ ಮೇಲೆ ನಿಂತು ಗಡಿಯಾರ ನೋಡಿದೆ. ಒಳಗೆ ಏನು ನಡೆಯುತ್ತದೆ ಎಂಬುದರ ಬಗ್ಗೆ ನನ್ನ ತಿಳಿವಳಿಕೆ ಇಷ್ಟೇ: ಅದರಿಂದ ಬಸ್ಸು ತಪ್ಪುತ್ತದೆ.

ಆ ಭಾನುವಾರ ವಿಮಾನ ಇದ್ದದ್ದು ಸಂಜೆ ನಾಲ್ಕಕ್ಕೆ. ವನಜಾಳ ಗಂಡನಿಗೆ ಡ್ಯೂಟಿ. ಕಾರು ಅವನ ಜೊತೆ ಆಸ್ಪತ್ರೆಗೆ ಹೋಗಿತ್ತು. ವನಜಾ ಬಾಡಿಗೆ ಕಾರು ಕರೆಸುತ್ತೇನೆ ಎಂದಳು. ನಾನು ಬೇಡವೆಂದೆ. ನಾಲ್ಕು ದಿನದಲ್ಲಿ ನಾನು ಟ್ಯೂಬ್ ಎಂಬ ಅಲ್ಲಿಯ ಊರೊಳಗಿನ ರೈಲಿನ ನಕ್ಷೆಯನ್ನು ಕರಗತ ಮಾಡಿಕೊಂಡಿದ್ದೆ. ಆ ಬಣ್ಣಬಣ್ಣದ ಗೆರೆಗಳು ನನಗೆ ಹಳೆಯ ಕೇಸಿನ ಫೈಲಿನಂತೆ ಆಗಿದ್ದವು. ರೇನರ್ಸ್ ಲೇನಿನಲ್ಲಿ ಹತ್ತಬೇಕು, ಆಕ್ಟನ್ ಟೌನಿನಲ್ಲಿ ಬದಲಿಸಬೇಕು, ವಿಮಾನ ನಿಲ್ದಾಣದಲ್ಲಿ ಇಳಿಯಬೇಕು. ಇಷ್ಟು ಗೊತ್ತಿರುವಾಗ ಕಾರು ಯಾಕೆ?

ಹತ್ತೂ ನಲವತ್ತಕ್ಕೆ ಮನೆ ಬಿಡುವುದೆಂದು ನಾನು ಘೋಷಿಸಿದ್ದೆ. ಹತ್ತೂ ಮೂವತ್ತೆಂಟಕ್ಕೆ ವನಜಾ ಅಡಿಗೆಮನೆಯಿಂದ ತಟ್ಟೆ ಹಿಡಿದು ಬಂದಳು. "ಅಕ್ಕಾ, ಒಂದೆರಡ ನಿಮಿಷ ಕೂಡು. ಉಡಿ ತುಂಬತೀನಿ."

ತಟ್ಟೆಯ ಮೇಲಿದ್ದ ಹಸಿರು ಖಣವನ್ನು ನಾನೂ ಗುರುತಿಸಿದೆ. ಅತ್ತೆಯವರ ಟ್ರಂಕಿನದು. ಆದರೂ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ವಿಮಾನದಾಗ ಅಕ್ಕಿಪಕ್ಕಿ ಬಿಡೂದಿಲ್ಲ. ಉಡಿ ಎಲ್ಲಿ ಹೋಗ್ತದ, ಮತ್ತೊಮ್ಮೆ ಬಂದಾಗ ತುಂಬಿದ್ರಾತು. ನಡೀರಿ, ನಡೀರಿ!"

"ಭಾವಾ, ಮತ್ತೊಮ್ಮೆ ಅಂದ್ರ ಇನ್ನ ಇಪ್ಪತ್ತಾರು ವರ್ಷಕ್ಕೇನು?" ಎಂದಳು ವನಜಾ. ನಗುತ್ತಲೇ ಕೇಳಿದಳು, ಆದರೆ ನಗು ಪೂರ್ತಿ ಇರಲಿಲ್ಲ. ಸುಶೀಲಾ ತಟ್ಟೆಯನ್ನು ಒಮ್ಮೆ ನೋಡಿ, ಕೈಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿದಳು. ಅವಳು ಎರಡು ಮಾತು ಬೈದಿದ್ದರೆ ನಾನು ಕೂತುಕೊಳ್ಳುತ್ತಿದ್ದೆನೋ ಏನೋ. ವನಜಾ ತಟ್ಟೆಯಲ್ಲಿದ್ದದ್ದನ್ನೆಲ್ಲ ಒಂದು ಅಂಗಡಿ ಚೀಲಕ್ಕೆ ಸುರಿದುಕೊಂಡು, ಅನಘಾಳ ಜೊತೆ ನಮ್ಮ ಹಿಂದೆ ನಡೆದಳು. ನಾನು ಅದನ್ನು ಬುತ್ತಿ ಎಂದು ತಿಳಿದೆ.

ಈಗ ನನ್ನ ಮುಖ್ಯ ಅಪರಾಧಕ್ಕೆ ಬರುತ್ತೇನೆ. ಆ ರೈಲು ರೇನರ್ಸ್ ಲೇನಿನಿಂದಲೇ ಹೊರಡುವಂಥದ್ದು. ಬಾಗಿಲು ತೆರೆದುಕೊಂಡು, ತಣ್ಣಗೆ, ಖಾಲಿಯಾಗಿ ನಿಂತಿತ್ತು. ನಮ್ಮ ಡಬ್ಬಿಯ ಆ ತುದಿಯಲ್ಲಿ ಒಬ್ಬ ಮನುಷ್ಯ ಪೇಪರು ಓದುತ್ತಿದ್ದ. ಇನ್ನೊಂದು ನರಪಿಳ್ಳೆ ಇರಲಿಲ್ಲ. ಇದು ತಪ್ಪಿದರೆ ಹತ್ತು ನಿಮಿಷಕ್ಕೆ ಮತ್ತೊಂದು ಎಂದು ಮೇಲಿನ ಬೋರ್ಡೇ ಹೇಳುತ್ತಿತ್ತು. ಆದರೆ ನಾನು ಬೆಳೆದದ್ದು ದಿನಕ್ಕೆ ಎರಡು ರೈಲು ಬರುವ ಊರಿನಲ್ಲಿ. ರೈಲು ಕಂಡೊಡನೆ ನನ್ನ ಕಾಲುಗಳು ತಾವೇ ಓಡುತ್ತವೆ. ಮೂರೂ ಸೂಟ್‌ಕೇಸು ಎಳೆದುಕೊಂಡು ಒಳಗೆ ನುಗ್ಗಿದೆ. ಹೆಗಲ ಚೀಲದಿಂದ ಟವೆಲು ತೆಗೆದೆ. ಅದನ್ನು ಎರಡು ಸೀಟುಗಳ ಮೇಲೆ ಉದ್ದಕ್ಕೆ ಹಾಸಿದೆ. ಹೌದು, ಸೀಟು ಹಿಡಿದೆ. ಲಂಡನ್ನಿನಲ್ಲಿ, ಭಾನುವಾರ, ಖಾಲಿ ರೈಲಿನಲ್ಲಿ. ಟವೆಲಿನ ಒಂದು ಮೂಲೆ ಮಡಚಿಕೊಂಡಿತ್ತು. ಅದನ್ನು ಸರಿಮಾಡುತ್ತಿರುವಾಗ ಹಿಂದಿನಿಂದ ಪೀಂ ಪೀಂ ಎಂಬ ಸದ್ದು ಕೇಳಿ ತಿರುಗಿದೆ. ಬಾಗಿಲು ಕೂಡಿಕೊಂಡಿತು.

ಗಾಜಿನ ಆಚೆ ಸುಶೀಲಾ ಎರಡು ಕೈಯಲ್ಲಿ ಸೆರಗನ್ನು ಹರಡಿ ಹಿಡಿದು ನಿಂತಿದ್ದಳು. ಹಣೆಯಲ್ಲಿ ಹೊಸ ಕುಂಕುಮ. ಸೆರಗಿನಲ್ಲಿ ಕಾಯಿ, ಹಸಿರು ಖಣ. ವನಜಾ ಚೀಲಕ್ಕೆ ಕೈ ಹಾಕಿ ಬೊಗಸೆ ತುಂಬ ಅಕ್ಕಿ ತೆಗೆದು ಸುರಿದಳು. ಮತ್ತೆ ಇನ್ನೊಂದು ಬೊಗಸೆ. ಕೆಲವು ಕಾಳು ಜಾರಿ ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಮೇಲೆ ಬಿದ್ದವು. ರೈಲು ಅಲುಗಾಡಿತು. ನಾನು ಗಾಜು ಬಡಿದೆ. ಇಬ್ಬರೂ ತಲೆ ಎತ್ತಲಿಲ್ಲ. ಅವಸರವೂ ಮಾಡಲಿಲ್ಲ. ಅಷ್ಟು ಸಮಾಧಾನದಿಂದ ಒಂದು ಕೆಲಸ ಮಾಡುತ್ತಿರುವ ಇಬ್ಬರನ್ನು ನಾನು ಅದಕ್ಕೂ ಮೊದಲು ನೋಡಿದ ನೆನಪಿಲ್ಲ. ಆಮೇಲೆ ಪ್ಲಾಟ್‌ಫಾರ್ಮೇ ಹಿಂದಕ್ಕೆ ಸರಿದುಹೋಯಿತು.

ಮುಂದಿನ ನಿಲ್ದಾಣ ಸೌತ್ ಹ್ಯಾರೋ ಬರುವವರೆಗಿನ ನಾಲ್ಕು ನಿಮಿಷಗಳಲ್ಲಿ ನಾನು ಲೆಕ್ಕ ಹಾಕಿದ್ದು ಇದು: ಅವಳ ಪಾಸ್‌ಪೋರ್ಟು ನನ್ನ ಬಳಿ. ಅವಳ ಟಿಕೆಟ್ಟು ನನ್ನ ಬಳಿ. ಅವಳ ಸ್ವೆಟರು, ಮಾತ್ರೆ, ಎಲ್ಲ ನನ್ನ ಎಡಕ್ಕಿರುವ ಸೂಟ್‌ಕೇಸಿನಲ್ಲಿ. ಇಬ್ಬರಿಗೆ ಒಂದೇ ಸಿಮ್ಮು ಸಾಕೆಂದವನು ನಾನೇ. ಅದು ಅವಳ ಫೋನಿನಲ್ಲಿ. ಪಕ್ಕದಲ್ಲಿ ಅವಳಿಗೆಂದು ಹಿಡಿದ ಸೀಟು ಟವೆಲು ಹೊದ್ದು ಕೂತಿತ್ತು. ನಾಲ್ಕಕ್ಕೆ ವಿಮಾನ ಹಾರಿದರೆ ಒಳಗೆ ಯಾರಿರುತ್ತಾರೆ? ಯಾರಿಲ್ಲದಿದ್ದರೂ ಸರಿ, ನಾನೊಬ್ಬನೇ ಇರುವಂತೆ ಮಾತ್ರ ಆಗದಿರಲಿ ಎಂದು ನನಗೆ ತಿಳಿದ ದೇವರಿಗೆಲ್ಲ ಹೇಳಿಕೊಂಡೆ.

ಸೌತ್ ಹ್ಯಾರೋದಲ್ಲಿ ಸೂಟ್‌ಕೇಸುಗಳ ಸಮೇತ ಇಳಿದೆ. ಟವೆಲು ಮಾತ್ರ ಎರಡು ಸೀಟು ಹಿಡಿದುಕೊಂಡು ಮುಂದಕ್ಕೆ ಪ್ರಯಾಣ ಮಾಡಿತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಗಾಲಿಯ ಚೀಲ ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ನನ್ನ ಮುಖ ನೋಡಿಯೇ ಏನಾಯಿತು ಎಂದು ಕೇಳಿದರು. ನಾನು ನನ್ನ ಇಂಗ್ಲಿಷಿನಲ್ಲಿ, ಗಂಟೆ ನಿಮಿಷಗಳ ಸಹಿತ ಹೇಳಿದೆ. ಅವರು ಪೂರ್ತಿ ಕೇಳಿ, "ಸ್ಟೇ ಪುಟ್, ಡಾರ್ಲಿಂಗ್. ಶೀ ವಿಲ್ ಬಿ ಆನ್ ದಿ ನೆಕ್ಸ್ಟ್ ಒನ್" ಅಂದರು. ನನ್ನನ್ನು ಡಾರ್ಲಿಂಗ್ ಎಂದು ಕರೆದವರು ಜೀವಮಾನದಲ್ಲಿ ಅವರೊಬ್ಬರೇ. ಆ ಗಡಿಬಿಡಿಯಲ್ಲಿ, ಇಲ್ಲೇ ಇರು, ಅವಳು ಮುಂದಿನ ರೈಲಿನಲ್ಲಿ ಬರುತ್ತಾಳೆ ಎಂಬ ಸಲಹೆ ತಲೆಗೆ ಹೋಗಲಿಲ್ಲ. ಇಲ್ಲಿ ನಿಂತರೆ ಹೇಗೆ, ವಾಪಸು ಹೋಗಿ ಕರೆತರಬೇಕು ಎಂದು ಒಂದೊಂದೇ ಸೂಟ್‌ಕೇಸು ಹೊತ್ತು, ಮೆಟ್ಟಿಲು ಇಳಿದು, ಮೆಟ್ಟಿಲು ಹತ್ತಿ, ಮೂರು ಸುತ್ತಿನಲ್ಲಿ ಎದುರಿನ ಪ್ಲಾಟ್‌ಫಾರ್ಮು ಸೇರಿದೆ. ಮೂರನೆಯದನ್ನು ಕೆಳಗಿಡುವುದಕ್ಕೂ ಆಚೆ ಕಡೆ ರೈಲು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಅದು ಹೊರಟುಹೋದ ಮೇಲೆ ನೋಡುತ್ತೇನೆ, ಹಳಿಯ ಆಚೆ ಸುಶೀಲಾ ನಿಂತಿದ್ದಾಳೆ. ಉಡಿಯನ್ನು ಸೊಂಟಕ್ಕೆ ಭದ್ರವಾಗಿ ಕಟ್ಟಿಕೊಂಡಿದ್ದಾಳೆ. ಪಕ್ಕದಲ್ಲಿ, ವನಜಾ ಜೊತೆಮಾಡಿ ಕಳಿಸಿದ ಅನಘಾ. ಅಜ್ಜಿ ಅವರಿಬ್ಬರಿಗೆ ಬೆರಳು ಮಾಡಿ ನನ್ನನ್ನು ತೋರಿಸುತ್ತಿದ್ದಾರೆ.

"ದೊಡ್ಡಪ್ಪಾ!" ಎಂದು ಅನಘಾ ಕೂಗಿದಳು. "ವೈ ಆರ್ ಯೂ ಓವರ್ ದೇರ್?"

ನಾನು ಮತ್ತೆ ಸೂಟ್‌ಕೇಸು ಎತ್ತಿದೆ.

"ಏನ್ರೀ! ಅಲ್ಲೇ ನಿಂದರ್ರಿ!" ಸುಶೀಲಾಳ ದನಿ ಇಡೀ ನಿಲ್ದಾಣಕ್ಕೆ ಕೇಳಿತು. "ಒಂದ ಹೆಜ್ಜಿ ಹಂದಾಡಿದ್ರ ನೋಡ್ರಿ ಮತ್ತ! ನಾವ ಬರ್ತೀವಿ!"

ನಾನು ಹಂದಾಡಲಿಲ್ಲ. ಅವರೇ ಬಂದು ಒಂದು ಸೂಟ್‌ಕೇಸನ್ನೂ ನನ್ನನ್ನೂ ಅನಘಾ, ಇನ್ನೊಂದನ್ನು ಸುಶೀಲಾ ಹಿಡಿದು, ಮೂರನೆಯದನ್ನು ನನ್ನ ಕೈಗೆ ಕೊಟ್ಟು, ಇದ್ದಲ್ಲಿಗೆ ಮರಳಿ ಕರೆದೊಯ್ದರು. ಮುಂದಿನ ರೈಲಿನಲ್ಲಿ ಯಾರೂ ಹಿಡಿಯದಿದ್ದರೂ ಮೂರು ಸೀಟು ಸಿಕ್ಕವು. ಸುಶೀಲಾ ಉಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಯಾರಿಗೋ ಹೇಳಿದಂತೆ, "ವನಜಾನ ಬೊಗಸಿ ಥೇಟ್ ಅವ್ವನ ಬೊಗಸೀನ ಆಗ್ಯದ" ಅಂದಳು. ನಾನೂ ಏನಾದರೂ ಹೇಳಬೇಕಿತ್ತು. "ಟವೆಲ್ ಹೋತು" ಅಂದೆ.

ವಿಮಾನ ನಿಲ್ದಾಣ ಮುಟ್ಟಿದಾಗ ಒಂದೂ ಕಾಲು ಕೂಡ ಆಗಿರಲಿಲ್ಲ. ಅಕ್ಕಿ, ಕಾಯಿ ಸೂಟ್‌ಕೇಸಿನೊಳಗೆ ಹೋದವು. ಯಾರೂ ಏನೂ ಕೇಳಲಿಲ್ಲ. ಸೂಟ್‌ಕೇಸು ಕೊಟ್ಟು, ತಪಾಸಣೆ ಮುಗಿಸಿ, ಗಾಜಿನ ಗೋಡೆಯ ಪಕ್ಕ ಕೂತು ಬೇರೆಯವರ ವಿಮಾನಗಳು ಹಾರುವುದನ್ನು ನೋಡಿದೆವು. ವನಜಾ ಕೇಳಿದ್ದು ಎರಡೇ ನಿಮಿಷ. ಬೇಕಾದರೆ ಗಂಟೆಗಟ್ಟಲೆ ಕೊಡಬಹುದಾಗಿತ್ತು.

ಇಲ್ಲಿಗೆ ನನ್ನ ಹೇಳಿಕೆ ಮುಗಿಯಬೇಕಿತ್ತು. ಆದರೆ ಮೂರು ವಾರದ ಮೇಲೆ ಅನಘಾ ಒಂದು ವಿಡಿಯೋ ಕಳಿಸಿದಳು. ಪ್ಲಾಟ್‌ಫಾರ್ಮಿನ ಮೇಲೆ ತನ್ನ ಅವ್ವ ದೊಡ್ಡಮ್ಮನಿಗೆ ಉಡಿ ತುಂಬಿದ್ದನ್ನು ಅವಳು ತೆಗೆದಿದ್ದಳಂತೆ. ಸುಶೀಲಾ ಅದನ್ನು ಅಡಿಗೆಮನೆಯಲ್ಲಿ ದಿನಕ್ಕೊಮ್ಮೆ ನೋಡುತ್ತಾಳೆ. ನಾನು ಒಂದೇ ಸಲ ನೋಡಿದೆ. ಅದರಲ್ಲಿ ಸುಶೀಲಾ ಸೆರಗು ಹರಡುವ ಮೊದಲು ಬಾಗಿಲಿನತ್ತ ತಿರುಗಿ, "ಏನ್ರೀ, ಬರ್ರಿ, ಉಡಿ ತುಂಬತಾಳ, ನೀವೂ ನೋಡ್ರಿ" ಎಂದು ಕರೆಯುತ್ತಾಳೆ. ಮೊದಲ ಬೊಗಸೆ ಬಿದ್ದಾಗ ಮತ್ತೊಮ್ಮೆ, "ಇತ್ತ ನೋಡ್ರೀ!" ಮೂರನೆಯ ಬೊಗಸೆಗೆ ಇನ್ನೂ ಒಮ್ಮೆ. ಹಿಂದೆ, ತೆರೆದ ಬಾಗಿಲಿನೊಳಗೆ, ಕೋಟು ಹಾಕಿದ ಒಂದು ಬೆನ್ನು ಬಗ್ಗಿ ಟವೆಲಿನ ಮೂಲೆ ತಿದ್ದುತ್ತಿದೆ. ಬೆನ್ನು ತಿರುಗುವುದಿಲ್ಲ. ಉತ್ತರ ಮಾತ್ರ ಕೊಡುತ್ತದೆ, ಸ್ಪಷ್ಟವಾಗಿ, ಮೂರು ಸಲವೂ: "ಸೀಟು! ಸೀಟು ಹೋಗ್ತಾವ!"

ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿಲ್ಲದೆಯೇ ಸುಳ್ಳು ಹೇಳುವ ಸಾಕ್ಷಿಗಳನ್ನು ನಾನು ಮೂವತ್ತೊಂದು ವರ್ಷ ನೋಡಿದ್ದೇನೆ. ಅವರ ಮುಖದಲ್ಲಿ ಒಂದು ತರಹದ ನಂಬಿಕೆ ಇರುತ್ತದೆ. ಹುಬ್ಬಳ್ಳಿಯ, ಬೆಳಗಾವಿಯ ಫೋನುಗಳಿಗೆ ಉತ್ತರ ಕೊಡುವಾಗ ಅದು ನನ್ನ ಮುಖದಲ್ಲೂ ಇದ್ದಿರಬೇಕು. ಆದ್ದರಿಂದ ಹಿಂದಿನ ಹೇಳಿಕೆಯನ್ನು ತಿದ್ದಿ ಬರೆಯುತ್ತಿದ್ದೇನೆ. ನನ್ನನ್ನು ಕರೆದಿದ್ದರು. ರೇನರ್ಸ್ ಲೇನ್ ಪ್ಲಾಟ್‌ಫಾರ್ಮಿನ ಮೇಲೆ ಉಡಿಗೆ ಬಿದ್ದ ಐದೂ ಬೊಗಸೆಗಳನ್ನು ಕಣ್ಣಾರೆ ಕಂಡವರು, ಇಂದಿಗೂ ಸುಖವಾಗಿರುವವರು ಮೂವರು: ಕೊಟ್ಟ ವನಜಾ, ಪಡೆದ ಸುಶೀಲಾ, ವಿಡಿಯೋ ತೆಗೆದ ಅನಘಾ. ಸೌತ್ ಹ್ಯಾರೋದ ಅಜ್ಜಿಯೂ ಇದ್ದಾರೆಂದು ನಂಬಿದ್ದೇನೆ. ಆದರೆ ಅವರು ನನ್ನ ವಿಷಯಕ್ಕೆ ಮಾತ್ರ ಸಾಕ್ಷಿ. ನಾನು ಎರಡು ಬೊಗಸೆಗಳ ಸಾಕ್ಷಿ, ಅದೂ ಗಾಜಿನ ಈಚೆಯಿಂದ.